ಸ್ನಾನಗೃಹದ ವಿನ್ಯಾಸ ಮತ್ತು ಮಹಿಳೆಯರ ಆರೋಗ್ಯ

ಸ್ನಾನಗೃಹ ಮತ್ತು ಶೌಚಾಲಯಗಳ ವಿನ್ಯಾಸವು ಮಹಿಳೆಯರ ಜನನಾಂಗದ ನೈರ್ಮಲ್ಯ, ಮೂತ್ರಾಂಗಗಳ ಆರೋಗ್ಯ ಹಾಗೂ ಮುಟ್ಟಿನ ದಿನಗಳ ನಿರ್ವಹಣೆಯ ಮೇಲೆ ಪರಿಣಾಮ ಬೀರುವ ಅಂಶಗಳಲ್ಲಿ ಒಂದು. ಆಸನದ ಬಗೆ ಮತ್ತು ಎತ್ತರ, ನೀರು ದೊರೆಯುವ ಜಾಗ, ಬಾಗಿಲಿನ ಚಿಲಕ, ಗಾಳಿ ಮತ್ತು ಬೆಳಕು, ಬಟ್ಟೆ ಒಣಗಿಸುವ ಅವಕಾಶ, ತ್ಯಾಜ್ಯದ ವಿಲೇವಾರಿ ಇವು ಈ ವಿಷಯದಲ್ಲಿ ಮುಖ್ಯವಾಗಿ ಚರ್ಚೆಗೆ ಬರುತ್ತವೆ. ನೈರ್ಮಲ್ಯವನ್ನು ವೈಯಕ್ತಿಕ ಅಭ್ಯಾಸವೆಂದು ಪರಿಗಣಿಸಿ ಮಹಿಳೆಯರಿಗೆ ಸಲಹೆ ನೀಡುವುದು ಸಾಮಾನ್ಯ ರೂಢಿ. ಆದರೆ ಅಂತಹ ಸಲಹೆಗಳಲ್ಲಿ ಹೆಚ್ಚಿನವನ್ನು ಪಾಲಿಸಲು ಸಾಧ್ಯವೇ ಎಂಬುದನ್ನು ನಿರ್ಧರಿಸುವುದು ಅವುಗಳನ್ನು ಆಚರಿಸಬೇಕಾದ ಕೋಣೆಯ ರಚನೆ.

ಶಾರೀರಿಕ ಹಿನ್ನೆಲೆ

ಮಹಿಳೆಯರ ಮೂತ್ರನಾಳದ ಉದ್ದ ಸುಮಾರು 4 ಸೆಂಟಿಮೀಟರ್. ಪುರುಷರಲ್ಲಿ ಇದು ಸುಮಾರು 20 ಸೆಂಟಿಮೀಟರ್ ಇರುತ್ತದೆ. ಮಹಿಳೆಯರಲ್ಲಿ ಮೂತ್ರದ್ವಾರ, ಯೋನಿ ಮತ್ತು ಗುದದ್ವಾರಗಳು ಒಂದಕ್ಕೊಂದು ಹತ್ತಿರದಲ್ಲಿರುವುದರಿಂದ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳು ಮೂತ್ರಕೋಶವನ್ನು ತಲುಪುವುದು ಸುಲಭ. ಮೂತ್ರನಾಳದ ಸೋಂಕುಗಳಲ್ಲಿ ಬಹುಪಾಲಿಗೆ ಕಾರಣವಾಗುವ ಎಶೆರಿಕಿಯಾ ಕೋಲಿ ಕರುಳಿನ ನಿವಾಸಿಯೇ ಆಗಿದೆ. ಶೌಚದ ನಂತರ ಮುಂದಿನಿಂದ ಹಿಂದಕ್ಕೆ ಶುಚಿಗೊಳಿಸಬೇಕೆಂದು ವೈದ್ಯರು ಹೇಳುವುದು ಇದೇ ಕಾರಣಕ್ಕೆ.

ಸಂತಾನೋತ್ಪತ್ತಿಯ ವಯಸ್ಸಿನ ಆರೋಗ್ಯವಂತ ಮಹಿಳೆಯರಲ್ಲಿ ಯೋನಿಯ ಆಮ್ಲೀಯತೆಯ ಮಟ್ಟ ಸಾಮಾನ್ಯವಾಗಿ ಪಿಎಚ್ 3.8ರಿಂದ 4.5ರ ನಡುವೆ ಇರುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳು ಉತ್ಪಾದಿಸುವ ಲ್ಯಾಕ್ಟಿಕ್ ಆಮ್ಲವು ಹಾನಿಕಾರಕ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಯೋನಿಯ ಒಳಭಾಗವು ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವ ಅಂಗ. ಒಳಗೆ ನೀರು ಹಾಯಿಸಿ ತೊಳೆಯುವುದು, ಸೋಪು ಅಥವಾ ಸುಗಂಧದ್ರವ್ಯಗಳನ್ನು ಬಳಸುವುದು ಈ ಸಮತೋಲನವನ್ನು ಕೆಡಿಸುತ್ತದೆ. ಆದ್ದರಿಂದ ಒಳ್ಳೆಯ ಸ್ನಾನಗೃಹವೆಂದರೆ ಹೆಚ್ಚು ತೊಳೆಯಲು ನೆರವಾಗುವ ಕೋಣೆ ಎಂದು ತಿಳಿಯುವುದು ತಪ್ಪು. ಹೊರಭಾಗವನ್ನು ಶುದ್ಧ ನೀರಿನಿಂದ ಸರಿಯಾದ ದಿಕ್ಕಿನಲ್ಲಿ ತೊಳೆದು ಒಣಗಿಸಿಕೊಳ್ಳಲು ಅನುವು ಮಾಡಿಕೊಟ್ಟರೆ ಸಾಕು.

ಇತಿಹಾಸ

ಕರ್ನಾಟಕದ ಹಳೆಯ ಮನೆಗಳಲ್ಲಿ ಬಚ್ಚಲುಮನೆಗೂ ಶೌಚಕ್ಕೂ ಸಂಬಂಧವಿರಲಿಲ್ಲ. ಮಲೆನಾಡು ಮತ್ತು ಕರಾವಳಿಯ ಮನೆಗಳಲ್ಲಿ ಬಚ್ಚಲು ಸಾಮಾನ್ಯವಾಗಿ ಹಿಂಬದಿಯಲ್ಲಿದ್ದು, ಒಲೆಯ ಮೇಲೆ ಕೂರಿಸಿದ ಹಂಡೆಯಲ್ಲಿ ನೀರು ಕಾಯುತ್ತಿತ್ತು. ಬಳಸಿದ ನೀರು ಹಿತ್ತಲಿನ ಬಾಳೆ, ತೆಂಗುಗಳ ಬುಡಕ್ಕೆ ಹರಿಯುತ್ತಿತ್ತು. ಶೌಚಕ್ಕೆ ಬಯಲು ಅಥವಾ ದೂರದ ಕೊಟ್ಟಿಗೆಯೇ ಗತಿಯಾಗಿತ್ತು. ಬೆಳಕು ಹರಿಯುವ ಮುನ್ನ ಅಥವಾ ಕತ್ತಲಾದ ಮೇಲೆ ಮಾತ್ರ ಹೊರಗೆ ಹೋಗಬಹುದಾಗಿದ್ದ ಮಹಿಳೆಯರಿಗೆ ಹಗಲಿಡೀ ತಡೆದುಕೊಳ್ಳುವುದು ದಿನಚರಿಯೇ ಆಗಿತ್ತು. ಮುಟ್ಟಾದವರಿಗೆ ಅನೇಕ ಮನೆಗಳಲ್ಲಿ ಆ ಬಚ್ಚಲಿನ ಪ್ರವೇಶವೂ ನಿಷಿದ್ಧವಾಗಿತ್ತು. ಮನೆಯ ಅತ್ಯಂತ ಸುಸಜ್ಜಿತ ನೀರಿನ ಕೋಣೆಯು ಅತಿ ಹೆಚ್ಚು ನೀರು ಬೇಕಾದ ದಿನಗಳಲ್ಲೇ ಮುಚ್ಚಿರುತ್ತಿತ್ತು.

ಯೂರೋಪಿನಲ್ಲಿ ಜನನಾಂಗವನ್ನು ತೊಳೆಯಲೆಂದೇ ರೂಪಿಸಿದ ಬಿಡೆ ಎಂಬ ಕಿರುತೊಟ್ಟಿ 18ನೇ ಶತಮಾನದ ಫ್ರಾನ್ಸಿನಲ್ಲಿ ಬಳಕೆಗೆ ಬಂದಿತು. ಇಟಲಿಯಲ್ಲಿ 1975ರ ಜುಲೈ 5ರ ಆರೋಗ್ಯ ಸಚಿವಾಲಯದ ಆದೇಶವು ಪ್ರತಿ ಮನೆಯ ಕನಿಷ್ಠ ಒಂದು ಸ್ನಾನಗೃಹದಲ್ಲಿ ಬಿಡೆ ಇರಬೇಕೆಂದು ವಿಧಿಸಿತು. ಜಪಾನಿನ ಟೋಟೋ ಸಂಸ್ಥೆಯು 1980ರಲ್ಲಿ ಬಿಸಿನೀರು ಚಿಮ್ಮಿಸುವ ವಾಶ್‌ಲೆಟ್ ಆಸನವನ್ನು ಮಾರುಕಟ್ಟೆಗೆ ತಂದಿತು.

ಸ್ನಾನಗೃಹವನ್ನು ಮಾನವ ದೇಹದ ಅಳತೆ ಮತ್ತು ಚಲನೆಗಳ ದೃಷ್ಟಿಯಿಂದ ವ್ಯವಸ್ಥಿತವಾಗಿ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪಿ ಅಲೆಕ್ಸಾಂಡರ್ ಕೀರಾ ಪ್ರಮುಖರು. 1966ರಲ್ಲಿ ಪ್ರಕಟವಾಗಿ 1976ರಲ್ಲಿ ಪರಿಷ್ಕೃತಗೊಂಡ ಅವರ ‘ದಿ ಬಾತ್‌ರೂಮ್’ ಗ್ರಂಥವು ಸ್ನಾನಗೃಹದ ಪರಿಕರಗಳು ದೇಹದ ಅಗತ್ಯಕ್ಕಿಂತ ರೂಢಿ ಮತ್ತು ಸಂಕೋಚಗಳನ್ನು ಅನುಸರಿಸಿ ತಯಾರಾಗುತ್ತಿವೆ ಎಂದು ವಿಮರ್ಶಿಸಿತು.

ಕೂರುವ ಭಂಗಿ

ಕುಕ್ಕರುಗಾಲಿನಲ್ಲಿ ಕೂರುವ ಭಾರತೀಯ ಶೈಲಿಯ ಆಸನದಲ್ಲಿ ದೇಹವು ಯಾವ ಮೇಲ್ಮೈಯನ್ನೂ ಸ್ಪರ್ಶಿಸುವುದಿಲ್ಲ. ಗುದನಾಳದ ಕೋನವು ನೇರವಾಗುವುದರಿಂದ ಮಲವಿಸರ್ಜನೆಯೂ ಸುಲಭವಾಗುತ್ತದೆ. ಆದರೆ ತುಂಬು ಗರ್ಭಿಣಿಯರು, ಹೆರಿಗೆಯ ಹೊಲಿಗೆ ಇನ್ನೂ ಮಾಯದ ಬಾಣಂತಿಯರು, ಮೊಣಕಾಲು ನೋವಿರುವ ವೃದ್ಧೆಯರು ಇದರಲ್ಲಿ ಕುಳಿತು ಏಳಲು ಕಷ್ಟಪಡುತ್ತಾರೆ. ಗೋಡೆಗೆ ಒಂದು ಹಿಡಿಕೆ ಅಳವಡಿಸಿದರೆ ಈ ಕಷ್ಟದ ದೊಡ್ಡ ಭಾಗ ಪರಿಹಾರವಾಗುತ್ತದೆ.

ಪಾಶ್ಚಾತ್ಯ ಶೈಲಿಯ ಕಮೋಡಿನ ಸಮಸ್ಯೆ ಬೇರೆ ಬಗೆಯದು. ಸಾರ್ವಜನಿಕ ಸ್ಥಳಗಳಲ್ಲಿ ಆಸನವು ಒದ್ದೆಯಾಗಿ ಅಥವಾ ಕೊಳಕಾಗಿ ಕಂಡಾಗ ಅನೇಕ ಮಹಿಳೆಯರು ಅದರ ಮೇಲೆ ಕೂರದೆ ಅರ್ಧ ಬಗ್ಗಿ ನಿಲ್ಲುತ್ತಾರೆ. ಬ್ರಿಟನ್ನಿನ ಸ್ತ್ರೀರೋಗ ಹೊರರೋಗಿಗಳನ್ನು ಕುರಿತು 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾರ್ವಜನಿಕ ಶೌಚಾಲಯಗಳಲ್ಲಿ ಹೀಗೆಯೇ ಮಾಡುವುದಾಗಿ ಶೇ. 85ರಷ್ಟು ಮಹಿಳೆಯರು ತಿಳಿಸಿದ್ದರು. ಈ ಭಂಗಿಯಲ್ಲಿ ಮೂತ್ರದ ಸರಾಸರಿ ಹರಿವು ಶೇ. 21ರಷ್ಟು ಇಳಿದು, ಮೂತ್ರಕೋಶದಲ್ಲಿ ಉಳಿಯುವ ಮೂತ್ರದ ಪ್ರಮಾಣ ಶೇ. 149ರಷ್ಟು ಏರಿದ್ದು ಕಂಡುಬಂದಿತು. ಶ್ರೋಣಿಯ ಸ್ನಾಯುಗಳು ದೇಹವನ್ನು ಹಿಡಿದು ನಿಲ್ಲಿಸಲು ಬಿಗಿಯಾಗುವುದರಿಂದ ಪೂರ್ಣ ಸಡಿಲಗೊಳ್ಳುವುದಿಲ್ಲ. ಹೀಗೆ ಉಳಿಯುವ ಮೂತ್ರವು ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ ಅನುಕೂಲಕರ. ವಾಸ್ತವದಲ್ಲಿ ಆಸನದ ಸ್ಪರ್ಶದಿಂದ ಮೂತ್ರನಾಳದ ಸೋಂಕು ಹರಡುವ ಸಾಧ್ಯತೆ ತೀರಾ ಕಡಿಮೆ. ಸೋಂಕಿನ ಭಯದಿಂದ ತಾಳಿದ ಭಂಗಿಯೇ ಇಲ್ಲಿ ಹೆಚ್ಚು ತೊಂದರೆ ಕೊಡಬಹುದು.

ನೀರಿನ ವ್ಯವಸ್ಥೆ

ಭಾರತದಲ್ಲಿ ಶೌಚದ ನಂತರ ನೀರು ಬಳಸುವುದೇ ವಾಡಿಕೆ. ಬಕೆಟ್ಟು ಮತ್ತು ಚೊಂಬಿನ ವ್ಯವಸ್ಥೆಯಲ್ಲಿ, ಶುಚಿಗೊಳಿಸಿಕೊಂಡ ಕೈ ಪುನಃ ಬಕೆಟ್ಟಿನ ನೀರಿಗೆ ತಗುಲಿದರೆ ಆ ನೀರೆಲ್ಲ ಕಲುಷಿತವಾಗುತ್ತದೆ. ನಲ್ಲಿಯು ಕುಳಿತವರ ಬಲಗೈಗೆ ಎಟುಕುವಂತಿದ್ದರೆ ಬಕೆಟ್ಟಿನ ಅಗತ್ಯವೇ ಇರುವುದಿಲ್ಲ. ಎಷ್ಟೋ ಶೌಚಾಲಯಗಳಲ್ಲಿ ನಲ್ಲಿಯು ಕೊಳಾಯಿ ಕೆಲಸದವರ ಅನುಕೂಲಕ್ಕೆ ತಕ್ಕಂತೆ ಬೆನ್ನಿನ ಹಿಂದೆ ಅಥವಾ ಬಾಗಿಲ ಮೂಲೆಯಲ್ಲಿರುತ್ತದೆ.

ಕೈಯಲ್ಲಿ ಹಿಡಿದು ಬಳಸುವ ಹೆಲ್ತ್ ಫಾಸೆಟ್ ನಗರಗಳಲ್ಲಿ ವ್ಯಾಪಕವಾಗಿದೆ. ಇದರ ಧಾರೆಯನ್ನು ಹಿಂದಿನಿಂದ ಮುಂದಕ್ಕೆ ಹಾಯಿಸಿದರೆ ಮಲದ ಅಂಶವು ಯೋನಿ ಮತ್ತು ಮೂತ್ರದ್ವಾರದ ಕಡೆಗೆ ಸಾಗುತ್ತದೆ. ಕಮೋಡಿನ ಅಂಚಿನಲ್ಲಿ ಸ್ಥಿರವಾಗಿ ಕೂರಿಸಿದ ಜೆಟ್‌ಗಳಲ್ಲಿ ಈ ದಿಕ್ಕನ್ನು ಬದಲಾಯಿಸುವ ಆಯ್ಕೆ ಬಳಸುವವರಿಗೆ ಇರುವುದಿಲ್ಲ. ಬೆಚ್ಚನೆಯ ನೀರಿನ ಆಸನಗಳ ನಿತ್ಯ ಬಳಕೆಯು ಯೋನಿಯ ಸಹಜ ಸೂಕ್ಷ್ಮಜೀವಿಗಳನ್ನು ಏರುಪೇರು ಮಾಡಬಹುದೆಂದು 2010ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದು ಸೂಚಿಸಿತು. ಗರ್ಭಿಣಿಯರನ್ನು ಕುರಿತು 2013ರಲ್ಲಿ ಬಂದ ಅದೇ ದೇಶದ ಮತ್ತೊಂದು ಅಧ್ಯಯನವು ಇಂತಹ ಆಸನಗಳ ಬಳಕೆಗೂ ಅವಧಿಪೂರ್ವ ಹೆರಿಗೆಗೂ ಸಂಬಂಧ ಕಾಣಲಿಲ್ಲ. ಮೆಲುವಾದ ಧಾರೆ ಮತ್ತು ಮಿತವಾದ ಬಳಕೆಯಿಂದ ಭಯಪಡುವಂಥದ್ದೇನೂ ಇಲ್ಲವೆಂದು ಹೇಳಬಹುದು.

ಮುಟ್ಟು ಮತ್ತು ಸ್ನಾನಗೃಹ

ವಿನ್ಯಾಸದ ಕೊರತೆಗಳು ಅತ್ಯಂತ ಸ್ಪಷ್ಟವಾಗಿ ಕಾಣಿಸುವುದು ಮುಟ್ಟಿನ ದಿನಗಳಲ್ಲಿ. ಬಟ್ಟೆ ಬಳಸುವವರಿಗೆ ಅದನ್ನು ಬದಲಾಯಿಸಲು ಚಿಲಕವಿರುವ ಕೋಣೆ, ತೊಳೆಯಲು ನೀರು ಮತ್ತು ಸೋಪು, ಒಣಗಿಸಲು ಬಿಸಿಲು ಬೇಕು. ಮೂರರಲ್ಲಿ ಬಿಸಿಲು ದೊರೆಯುವುದೇ ಅತಿ ಕಷ್ಟ. ಇತರರ ಕಣ್ಣಿಗೆ ಬೀಳಬಾರದೆಂಬ ಸಂಕೋಚದಿಂದ ಬಟ್ಟೆಯನ್ನು ಬೇರೆ ಬಟ್ಟೆಗಳ ಅಡಿಯಲ್ಲಿ, ಕತ್ತಲ ಮೂಲೆಯಲ್ಲಿ, ಬಚ್ಚಲಿನ ಒಳಗೇ ಒಣಹಾಕಲಾಗುತ್ತದೆ.

ಇದರ ಪರಿಣಾಮವನ್ನು ಕುರಿತು ಒಡಿಶಾದಲ್ಲಿ ಮಹತ್ವದ ಸಂಶೋಧನೆಗಳು ನಡೆದಿವೆ. ಅಲ್ಲಿನ ಎರಡು ಆಸ್ಪತ್ರೆಗಳಿಗೆ ಬಂದ 486 ಮಹಿಳೆಯರನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರುಬಳಕೆಯ ಬಟ್ಟೆ ಬಳಸುವವರಲ್ಲಿ ಜನನಾಂಗ ಮತ್ತು ಮೂತ್ರಾಂಗದ ಸೋಂಕು ಹೆಚ್ಚಾಗಿ ಕಂಡುಬಂದಿತು. ಮನೆಯಲ್ಲಿ ವೈಯಕ್ತಿಕ ನೈರ್ಮಲ್ಯಕ್ಕೆಂದು ಸ್ಥಳಾವಕಾಶ ಇದ್ದವರಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ ಕಡಿಮೆಯಿತ್ತು. ಅದೇ ರಾಜ್ಯದಲ್ಲಿ 558 ಮಹಿಳೆಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ಮತ್ತಷ್ಟು ಸೂಕ್ಷ್ಮಕ್ಕೆ ಇಳಿಯಿತು. ಬಟ್ಟೆಯನ್ನು ಮನೆಯ ಒಳಗೆ ಒಣಗಿಸುವವರಲ್ಲಿ ಮತ್ತು ಶೌಚಾಲಯದೊಳಗೆ ಬಚ್ಚಿಡುವವರಲ್ಲಿ ಕ್ಯಾಂಡಿಡಾ ಶಿಲೀಂಧ್ರದ ಸೋಂಕು ಹೆಚ್ಚಾಗಿತ್ತು. ಅಂದರೆ ದೋಷವು ಬಟ್ಟೆಯಲ್ಲಿರುವುದಕ್ಕಿಂತ ಅದನ್ನು ಒಣಗಿಸಲು ಮತ್ತು ಇಡಲು ಇರುವ ತೇವದ, ಗಾಳಿಯಿಲ್ಲದ ಜಾಗದಲ್ಲಿರುವುದೇ ಹೆಚ್ಚು. ಬಿಸಿಲು ಬೀಳುವ, ಆದರೆ ಹೊರಗಿನವರಿಗೆ ಕಾಣದ ಒಂದು ತಡಿಕೆಯ ಮರೆ ಅಥವಾ ಜಾಲರಿ ಗೋಡೆಯ ಮೂಲೆಯನ್ನು ಕಟ್ಟಲು ತಗಲುವ ಖರ್ಚು ಅತ್ಯಲ್ಪ. ಆದರೂ ಮನೆಗಳ ನಕ್ಷೆಗಳಲ್ಲಿ ಇಂತಹ ಜಾಗವು ಅಪರೂಪ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ (2019–21) ಭಾರತದಲ್ಲಿ 15ರಿಂದ 24 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 78 ಮಂದಿ ಮುಟ್ಟಿನ ದಿನಗಳಲ್ಲಿ ನೈರ್ಮಲ್ಯಯುತ ವಿಧಾನ ಬಳಸುತ್ತಾರೆ. ಪ್ಯಾಡುಗಳ ಬಳಕೆ ಹೆಚ್ಚಿದಂತೆ ವಿಲೇವಾರಿಯ ಪ್ರಶ್ನೆ ಎದುರಾಗಿದೆ. ಮುಚ್ಚಳವಿರುವ ಬುಟ್ಟಿ ಇಲ್ಲದ ಕಡೆ ಪ್ಯಾಡುಗಳು ಕಮೋಡಿಗೆ ಬಿದ್ದು ಕೊಳವೆಗಳನ್ನೂ ಅವಳಿ ಗುಂಡಿಗಳನ್ನೂ ಕಟ್ಟಿಸುತ್ತವೆ. ನಂತರ ಅವುಗಳನ್ನು ಹೊರತೆಗೆಯುವ ಕೆಲಸ ಪೌರಕಾರ್ಮಿಕರ ಪಾಲಿಗೆ ಬರುತ್ತದೆ. ಬಳಸಿದ ಪ್ಯಾಡುಗಳನ್ನು ಸುತ್ತಿ ಕೊಡಬೇಕೆಂದೂ, ಅದಕ್ಕೆ ಬೇಕಾದ ಹೊದಿಕೆಯನ್ನು ತಯಾರಕರೇ ಒದಗಿಸಬೇಕೆಂದೂ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳಿದವು.

ಶಾಲೆ ಮತ್ತು ಸಾರ್ವಜನಿಕ ಸ್ಥಳಗಳು

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯು ಶಾಲೆಗಳಲ್ಲಿ ಹುಡುಗರಿಗೂ ಹುಡುಗಿಯರಿಗೂ ಪ್ರತ್ಯೇಕ ಶೌಚಾಲಯಗಳನ್ನು ಕಡ್ಡಾಯಗೊಳಿಸಿತು. ಕುಡಿಯುವ ನೀರು ಮತ್ತು ನೈರ್ಮಲ್ಯ ಸಚಿವಾಲಯವು 2015ರಲ್ಲಿ ಮುಟ್ಟಿನ ನೈರ್ಮಲ್ಯ ನಿರ್ವಹಣೆಯ ರಾಷ್ಟ್ರೀಯ ಮಾರ್ಗಸೂಚಿಗಳನ್ನು ಹೊರಡಿಸಿತು. ಕರ್ನಾಟಕದಲ್ಲಿ 2013–14ರಲ್ಲಿ ಆರಂಭವಾದ ಶುಚಿ ಯೋಜನೆಯು ಸರ್ಕಾರಿ ಶಾಲೆಗಳ ಹದಿಹರೆಯದ ಹುಡುಗಿಯರಿಗೆ ಸ್ಯಾನಿಟರಿ ನ್ಯಾಪ್ಕಿನ್‌ಗಳನ್ನು ಉಚಿತವಾಗಿ ನೀಡುತ್ತದೆ. ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಮುಟ್ಟಿನ ಕಪ್‌ಗಳನ್ನೂ ಪ್ರಾಯೋಗಿಕವಾಗಿ ವಿತರಿಸಲಾಯಿತು. ಶಾಲೆಯ ಹೊತ್ತಿನಲ್ಲಿ ಕಪ್ ಬದಲಾಯಿಸಬೇಕಾದರೆ ಅದನ್ನು ತೊಳೆದು ಪುನಃ ಧರಿಸಲು ಶೌಚದ ಕೋಣೆಯ ಒಳಗೇ ನೀರಿರಬೇಕು. ಕೈತೊಳೆಯುವ ತೊಟ್ಟಿ ಹೊರಗಿದ್ದರೆ ಪ್ರಯೋಜನವಿಲ್ಲ. ಚಿಲಕ ಮುರಿದ ಶೌಚಾಲಯವಿರುವ ಶಾಲೆಯಲ್ಲಿ ಪ್ಯಾಡು ದೊರೆತರೂ ಅದನ್ನು ಬದಲಾಯಿಸಲು ಹುಡುಗಿಯು ಸಂಜೆ ಮನೆ ಸೇರುವವರೆಗೆ ಕಾಯುತ್ತಾಳೆ.

1948ರ ಕಾರ್ಖಾನೆಗಳ ಕಾಯ್ದೆಯ 19ನೇ ಕಲಮು ಮಹಿಳಾ ಕಾರ್ಮಿಕರಿಗೆ ಪ್ರತ್ಯೇಕವಾದ, ಬೆಳಕು ಮತ್ತು ಗಾಳಿಯಿರುವ ಶೌಚಾಲಯಗಳನ್ನು ವಿಧಿಸಿತು. ಕಟ್ಟಡ ಕಾಮಗಾರಿ, ಬೀದಿ ವ್ಯಾಪಾರ, ಹೊಲದ ಕೂಲಿ ಮುಂತಾದ ಕೆಲಸಗಳಲ್ಲಿರುವವರು ಕಾರ್ಖಾನೆಯ ಗೋಡೆಯ ಹೊರಗಿದ್ದುದರಿಂದ ಆ ಕಲಮಿನ ರಕ್ಷಣೆಯಿಂದಲೂ ಹೊರಗುಳಿದರು. ಶೌಚಾಲಯ ಸಿಗದೆಂಬ ಕಾರಣಕ್ಕೆ ನೀರನ್ನೇ ಕಡಿಮೆ ಕುಡಿಯುವುದು ಇವರಲ್ಲಿ ಸಾಮಾನ್ಯ. ಮೂತ್ರವನ್ನು ದೀರ್ಘಕಾಲ ತಡೆಯುವುದು ಮತ್ತು ನಿರ್ಜಲೀಕರಣ ಎರಡೂ ಸೋಂಕಿಗೆ ದಾರಿಮಾಡುತ್ತವೆ.

ಮಹಿಳೆಯರು ಶೌಚಾಲಯದಲ್ಲಿ ಪುರುಷರಿಗಿಂತ ಹೆಚ್ಚು ಸಮಯ ಕಳೆಯಬೇಕಾಗುವುದರಿಂದ ಸಮಾನ ವಿಸ್ತೀರ್ಣ ನೀಡಿದರೂ ಅವರ ಸಾಲೇ ಉದ್ದವಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1987ರಲ್ಲಿ ಈ ಅಸಮಾನತೆಯನ್ನು ಸರಿಪಡಿಸಲು ಶಾಸನ ಮಾಡಿತು. ನ್ಯೂಯಾರ್ಕ್ ನಗರವು 2005ರಲ್ಲಿ ಹೊಸದಾಗಿ ಕಟ್ಟುವ ಸಾರ್ವಜನಿಕ ಸಭಾಸ್ಥಳಗಳಲ್ಲಿ ಮಹಿಳೆಯರಿಗೆ ಪುರುಷರ ಎರಡರಷ್ಟು ಶೌಚಸ್ಥಾನಗಳಿರಬೇಕೆಂದು ನಿಯಮಿಸಿತು.

ವಿನ್ಯಾಸದ ಅಂಶಗಳು

ವಾಟರ್‌ಏಡ್, ಯುನಿಸೆಫ್ ಮತ್ತು ನಗರಬಡವರಿಗೆ ನೀರು ಹಾಗೂ ನೈರ್ಮಲ್ಯ ಒದಗಿಸುವ ಡಬ್ಲ್ಯೂಎಸ್‌ಯುಪಿ ಸಂಸ್ಥೆಗಳು 2018ರಲ್ಲಿ ಮಹಿಳಾಸ್ನೇಹಿ ಸಾರ್ವಜನಿಕ ಶೌಚಾಲಯಗಳ ಬಗ್ಗೆ ಕೈಪಿಡಿಯೊಂದನ್ನು ಹೊರತಂದವು. ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳುವ ಚಿಲಕ, ಕೋಣೆಯೊಳಗೇ ನೀರು, ರಾತ್ರಿಯ ದೀಪ, ಮುಚ್ಚಳವಿರುವ ಬುಟ್ಟಿ ಮುಂತಾದವು ಇಂತಹ ಶೌಚಾಲಯದ ಮೂಲ ಅಗತ್ಯಗಳು. ಇವುಗಳ ಜೊತೆಗೆ ಚೀಲವನ್ನೂ ಬಟ್ಟೆಯನ್ನೂ ತೂಗುಹಾಕಲು ಬಾಗಿಲ ಹಿಂಬದಿ ಒಂದು ಕೊಕ್ಕೆ ಇರಬೇಕು. ಸೀರೆಯ ಸೆರಗು ಅಥವಾ ದುಪಟ್ಟಾ ಒದ್ದೆ ನೆಲಕ್ಕೆ ತಾಗದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಚೀಲ ಹಿಡಿದವಳಿಗೆ ಶುಚಿಗೊಳಿಸಿಕೊಳ್ಳಲು ಕೈ ಉಳಿಯುವುದಿಲ್ಲ.

ಮನೆಗಳಲ್ಲಿ ನೆಲದ ಇಳಿಜಾರು ಮತ್ತು ಗವಾಕ್ಷಿ ಮುಖ್ಯವಾದವು. ನೀರು ನಿಲ್ಲದೆ ಬೇಗ ಒಣಗುವ ನೆಲವು ಜಾರಿ ಬೀಳುವುದನ್ನೂ ಶಿಲೀಂಧ್ರದ ಬೆಳವಣಿಗೆಯನ್ನೂ ತಡೆಯುತ್ತದೆ. ಸ್ನಾನದ ಜಾಗವನ್ನೂ ಕಮೋಡನ್ನೂ ಮೋಟುಗೋಡೆಯಿಂದ ಬೇರ್ಪಡಿಸಿದರೆ ಆಸನದ ಸುತ್ತ ಒಣಗಿದ ನೆಲ ಉಳಿಯುತ್ತದೆ. ಕಿಟಕಿಯಿಲ್ಲದ ಒಳಕೋಣೆಗಳಲ್ಲಿ ಗಾಳಿ ಹೊರದೂಡುವ ಫ್ಯಾನ್ ಅಗತ್ಯ.