ಬೀಟ್‌ರೂಟ್ ಸಸಿ ಮತ್ತು ಬಗ್ಗಿದ ಬೆನ್ನು

ಬೀಟ್‌ರೂಟ್ ಬಿತ್ತಿದವರಿಗೆ ಇದು ಗೊತ್ತಿರುತ್ತದೆ. ಪೊಟ್ಟಣ ಬಿಚ್ಚಿ ಅಂಗೈಗೆ ಸುರಿದುಕೊಂಡರೆ ಬೀಜ ರಾಗಿ, ಸಾಸಿವೆಯ ಹಾಗೆ ನುಣ್ಣಗಿರುವುದಿಲ್ಲ. ಒರಟಾದ, ಬೆಂಡಿನಂಥ ಗಂಟು ಅದು. ಎರಡು ಮೂರು ಹೂವು ಒಂದಕ್ಕೊಂದು ಅಂಟಿಕೊಂಡೇ ಬಲಿತು ಒಣಗಿದ ಗೊಂಚಲು. ಒಳಗೆ ಎರಡು, ಮೂರು, ಕೆಲವೊಮ್ಮೆ ನಾಲ್ಕು ಬೀಜ ಇರುತ್ತವೆ. ಹಾಗಾಗಿ ಎಷ್ಟೇ ಲೆಕ್ಕ ಹಾಕಿ ಒಂದೊಂದೇ ಊರಿದರೂ ಒಂದೇ ಜಾಗದಲ್ಲಿ ಮೂರು ಸಸಿ ಮುತ್ತಿಕೊಂಡು ಏಳುತ್ತವೆ.

ಮೂರನ್ನೂ ಹಾಗೇ ಬಿಟ್ಟರೆ ಗೆಡ್ಡೆ ದಪ್ಪವಾಗುವುದಿಲ್ಲ. ಆದ್ದರಿಂದ ಇಪ್ಪತ್ತು ಇಪ್ಪತ್ತೈದು ದಿನಕ್ಕೆ ಯಾರಾದರೂ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಚೆನ್ನಾಗಿರುವ ಒಂದನ್ನು ಉಳಿಸಿ ಮಿಕ್ಕದ್ದನ್ನು ಕಿತ್ತು ತೆಗೆಯಬೇಕು. ನಮ್ಮ ಕಡೆ ಈ ಕೆಲಸ ಮಾಡುವವರು ಹೆಂಗಸರು. ಕಳೆ ಕೀಳುವ ಕೂಲಿಯ ಲೆಕ್ಕದಲ್ಲೇ ಇದೂ ಸೇರಿಹೋಗುತ್ತದೆ. ಬೆಳೆಯ ಗಾತ್ರ ತೀರ್ಮಾನ ಆಗುವುದು ಆ ಒಂದು ವಾರದಲ್ಲಿ ಅಂತ ಕೂಲಿ ಕೊಡುವಾಗ ಯಾರೂ ನೆನೆಯುವುದಿಲ್ಲ.

ಪ್ರಪಂಚದಲ್ಲಿ ಬೀಟ್ ಬೆಳೆದ ಕಡೆಯೆಲ್ಲ ಈ ಕೆಲಸ ಇತ್ತು. ಬೀಟ್‌ನ ಚರಿತ್ರೆ ಎಂದರೆ ಸಕ್ಕರೆ, ನೆಪೋಲಿಯನ್, ಕಾರ್ಖಾನೆ ಎಂದು ಪುಸ್ತಕಗಳು ಹೇಳುತ್ತವೆ. ಅದರ ಇನ್ನೊಂದು ಚರಿತ್ರೆ ನೆಲಕ್ಕೆ ಬಗ್ಗಿದ ಬೆನ್ನುಗಳದ್ದು. ಒಂದು ಊರಿನವರು ಸಂಘ ಕಟ್ಟಿ ಅದಕ್ಕೆ ಉತ್ತರ ಹುಡುಕಿದರು, ಇನ್ನೊಂದು ಊರಿನವರು ಕೋರ್ಟಿಗೆ ಹೋದರು, ಮತ್ತೊಂದು ದೇಶದವರು ಸಸಿ ಮಾಡಿ ನಾಟಿ ಮಾಡುವ ದಾರಿ ಹಿಡಿದರು.

ಬರಗಾಲದ ಗೆಡ್ಡೆ

ಬೀಟನ್ನು ಸಸಿ ಮಾಡಿ ನೆಡುವುದು ಹೊಸ ಆಲೋಚನೆಯಲ್ಲ. ಹದಿನೆಂಟನೇ ಶತಮಾನದ ಕೊನೆಗೆ ಫ್ರಾನ್ಸಿನಲ್ಲಿ ಕೊಮೆರೆಲ್ ಎಂಬ ಪಾದ್ರಿ ದನಕ್ಕೆ ಹಾಕುವ ದೊಡ್ಡ ಬೀಟ್ ಜಾತಿಯ ಬಗ್ಗೆ ಒಂದು ಪುಸ್ತಕ ಬರೆದ. ಮಡಿಯಲ್ಲಿ ಬೀಜ ಹಾಕಿ, ಸಸಿ ಬಲಿತ ಮೇಲೆ ಗೂಟದಿಂದ ಗುಳಿ ಮಾಡಿ ನೆಡಬೇಕು ಎನ್ನುವುದು ಅವನ ಸಲಹೆ. 1787ರಲ್ಲಿ ಲಂಡನ್ನಿನ ವೈದ್ಯ ಜಾನ್ ಕೋಕ್ಲಿ ಲೆಟ್ಸಮ್ ಅದನ್ನು ಇಂಗ್ಲಿಷಿಗೆ ತಂದು, ಬೀಜವನ್ನೂ ಹಂಚಿದ.

ಆ ಗೆಡ್ಡೆಯ ಹೆಸರಿನಲ್ಲೇ ಒಂದು ತಮಾಷೆ ಇದೆ. ಜರ್ಮನ್ ಭಾಷೆಯಲ್ಲಿ ಅದು 'ಮಾಂಗೋಲ್ಡ್', ಅಂದರೆ ಬೀಟ್. ಬಾಯಿಂದ ಬಾಯಿಗೆ ಹೋಗುತ್ತಾ ಅದು 'ಮಾಂಗೆಲ್' ಆಯಿತು. ಮಾಂಗೆಲ್ ಅಂದರೆ ಕೊರತೆ, ಅಭಾವ. ಹೀಗೆ ದನದ ಮೇವಿನ ಗೆಡ್ಡೆಗೆ ಫ್ರೆಂಚ್ ಮತ್ತು ಇಂಗ್ಲಿಷಿನಲ್ಲಿ 'ಬರಗಾಲದ ಗೆಡ್ಡೆ' ಎಂಬ ಹೆಸರು ಬಿತ್ತು.

ಅಷ್ಟರಲ್ಲಾಗಲೇ ಬೀಟ್‌ಗೆ ಇನ್ನೊಂದು ದಾರಿ ತೆರೆದಿತ್ತು. 1747ರಲ್ಲಿ ಬರ್ಲಿನ್ನಿನ ಆಂಡ್ರಿಯಾಸ್ ಮಾರ್ಗ್ರಾಫ್ ಎಂಬ ರಸಾಯನ ವಿಜ್ಞಾನಿ ಬೀಟ್‌ನಲ್ಲಿರುವುದು ಕಬ್ಬಿನಲ್ಲಿರುವ ಸಕ್ಕರೆಯೇ ಎಂದು ತೋರಿಸಿದ್ದ. ಅವನ ಶಿಷ್ಯ ಫ್ರಾಂಜ್ ಆಖಾರ್ಡ್ 1801ರಲ್ಲಿ ಸೈಲೀಸಿಯಾದ ಕೂನೆರ್ನ್ ಎಂಬಲ್ಲಿ ಬೀಟ್ ಸಕ್ಕರೆ ಕಾರ್ಖಾನೆ ಕಟ್ಟಿದ. ಇಂಗ್ಲೆಂಡಿನ ಜೊತೆ ಯುದ್ಧ ನಡೆದು ಕಬ್ಬಿನ ಸಕ್ಕರೆ ಬರುವುದು ನಿಂತಾಗ, 1811ರಲ್ಲಿ ನೆಪೋಲಿಯನ್ ಬೀಟ್ ಬೆಳೆಯಲು ಆಜ್ಞೆ ಹೊರಡಿಸಿದ.

ಕಾರ್ಖಾನೆ ಬಂದ ಮೇಲೆ ಹೊಲದ ಅಳತೆಯೇ ಬದಲಾಯಿತು. ಹಿತ್ತಲಲ್ಲಿ ಸಸಿ ಮಾಡಿ ನೆಡಬಹುದು, ನೂರಾರು ಎಕರೆಗೆ ಆಗುವುದಿಲ್ಲ. ಕೂರಿಗೆಯಿಂದ ಸಾಲಿಗೆ ಒತ್ತಾಗಿ ಬಿತ್ತಿ, ಆಮೇಲೆ ಆಳು ಬಿಟ್ಟು ಕೀಳಿಸುವ ಪದ್ಧತಿ ಗಟ್ಟಿಯಾಯಿತು. ಬಿತ್ತುವುದಕ್ಕೆ ಯಂತ್ರ ಬಂತು. ಕೀಳುವುದಕ್ಕೆ ಬೆನ್ನೇ ಗತಿಯಾಯಿತು.

1903, ಆಕ್ಸ್‌ನಾರ್ಡ್

ಈಗ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗೋಣ. ಅಲ್ಲಿ ಆಕ್ಸ್‌ನಾರ್ಡ್ ಎಂಬ ಊರಿದೆ. ಅಲ್ಲಿಗೆ ಬೀಟ್ ಸಕ್ಕರೆ ಕಾರ್ಖಾನೆ ತಂದ ಅಣ್ಣತಮ್ಮಂದಿರ ಹೆಸರೇ ಊರಿಗೂ ಬಂತು. ಹೊಲಕ್ಕೆ ಇಳಿಯುತ್ತಿದ್ದವರು ಜಪಾನಿನಿಂದ ಬಂದವರು ಮತ್ತು ಮೆಕ್ಸಿಕನ್ನರು. ನಡುವೆ ಗುತ್ತಿಗೆದಾರರು. 1902ರಲ್ಲಿ ಅಲ್ಲಿನ ವ್ಯಾಪಾರಿಗಳು, ಬ್ಯಾಂಕಿನವರು ಸೇರಿ ಒಂದೇ ದೊಡ್ಡ ಗುತ್ತಿಗೆ ಕಂಪನಿ ಮಾಡಿದರು. ಸಸಿ ಕೀಳುವ ಎಕರೆ ದರ ಇಳಿಯಿತು. ಕೂಲಿಯಲ್ಲಿ ಕಮಿಷನ್ ಹಿಡಿಯುತ್ತಿದ್ದರು, ಅವರು ಹೇಳಿದ ಅಂಗಡಿಯಲ್ಲೇ ಸಾಮಾನು ಕೊಳ್ಳಬೇಕಿತ್ತು.

1903ರ ಫೆಬ್ರುವರಿಯಲ್ಲಿ ಕೂಲಿಗಳು 'ಜಪಾನೀಸ್-ಮೆಕ್ಸಿಕನ್ ಲೇಬರ್ ಅಸೋಸಿಯೇಷನ್' ಕಟ್ಟಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಸಭೆಯ ಮಾತು ಎರಡೂ ಭಾಷೆಗೆ ದಾಟಬೇಕಿತ್ತು. ಆದರೂ ಒಂದೆರಡು ತಿಂಗಳಲ್ಲಿ ಸಂಘದ ಸದಸ್ಯರು 1,200 ಮೀರಿದರು. ಅಲ್ಲಿನ ಬೀಟ್ ಕೂಲಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸಂಘದೊಳಗೇ ಇದ್ದರು.

ಅವರ ಕೈಗೆ ಬಲ ಕೊಟ್ಟದ್ದು ಸಸಿಯೇ. ಕೀಳುವ ಹದ ಕೆಲವೇ ದಿನ ಇರುತ್ತದೆ. ತಡವಾದರೆ ಬೇರು ಹೆಣೆದುಕೊಂಡು ಉಳಿಸಬೇಕಾದ ಸಸಿಯೂ ಕಿತ್ತು ಬರುತ್ತದೆ, ಇಡೀ ಹೊಲ ಕೆಡುತ್ತದೆ. ಆ ದಿನಗಳಲ್ಲೇ ಅವರು ಕೆಲಸ ನಿಲ್ಲಿಸಿದರು. ಮಾರ್ಚ್‌ನಲ್ಲಿ ಗುಂಡು ಹಾರಿ ಲೂಯಿಸ್ ವಾಸ್ಕೆಜ್ ಎಂಬ ಕಾರ್ಮಿಕ ಸತ್ತ. ತಿಂಗಳ ಕೊನೆಗೆ ಕಂಪನಿ ಮಣಿಯಿತು. ಹೆಚ್ಚಿನ ಹೊಲಗಳ ಗುತ್ತಿಗೆ ಬಿಟ್ಟುಕೊಟ್ಟಿತು. ಸಂಘ ನೇರವಾಗಿ ರೈತರ ಜೊತೆ ದರ ಮಾತಾಡಿತು.

ದೇಶದ ದೊಡ್ಡ ಕಾರ್ಮಿಕ ಒಕ್ಕೂಟಕ್ಕೆ ಸೇರಿಸಿಕೊಳ್ಳಿ ಎಂದು ಇವರು ಅರ್ಜಿ ಹಾಕಿದಾಗ ಅದರ ಅಧ್ಯಕ್ಷ ಸ್ಯಾಮುಯೆಲ್ ಗಾಂಪರ್ಸ್ ಒಂದು ಷರತ್ತು ಹಾಕಿದ: ಚೀನೀಯರನ್ನೂ ಜಪಾನೀಯರನ್ನೂ ಸೇರಿಸಿಕೊಳ್ಳಬಾರದು. ಜೊತೆಯಲ್ಲಿ ದುಡಿದವರನ್ನು ಬಿಟ್ಟು ನಮಗೆ ಆ ಮಾನ್ಯತೆ ಬೇಡ ಎಂದು ಸಂಘದ ಮೆಕ್ಸಿಕನ್ ಕಾರ್ಯದರ್ಶಿ ಲಿಸಾರಾಸ್ ಉತ್ತರ ಬರೆದ. ಒಕ್ಕೂಟದ ಬೆಂಬಲವಿಲ್ಲದೆ ಆ ಸಂಘ ಬಹುಕಾಲ ಬಾಳಲಿಲ್ಲ.

ಗಿಡ್ಡ ಹಿಡಿಯ ಗುದ್ದಲಿ

ಕೂಲಿ ದರ ಏರಿದರೂ ಬೆನ್ನು ನೆಟ್ಟಗಾಗಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೀಟ್, ಲೆಟ್ಯೂಸ್ ಸಸಿ ಕೀಳಲು ಒಂದು ಗುದ್ದಲಿ ಕೊಡುತ್ತಿದ್ದರು. ಅದರ ಹಿಡಿ ಒಂದು ಒಂದೂವರೆ ಅಡಿ ಅಷ್ಟೆ. ಮೆಕ್ಸಿಕನ್ ಕೂಲಿಗಳು ಅದನ್ನು 'ಎಲ್ ಕೊರ್ತಿತೊ' ಎನ್ನುತ್ತಿದ್ದರು, 'ಗಿಡ್ಡದು' ಎಂದರ್ಥ. ಅದನ್ನು ಹಿಡಿದು ಕೆಲಸ ಮಾಡಬೇಕಾದರೆ ಇಡೀ ದಿನ ಸೊಂಟದಿಂದ ಮಡಿಚಿಕೊಂಡೇ ಇರಬೇಕು. ಯಾರಾದರೂ ನೆಟ್ಟಗೆ ನಿಂತರೆ ಕೆಲಸ ಮಾಡುತ್ತಿಲ್ಲ ಎಂದು ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಮುಂದೆ ಕೃಷಿ ಕಾರ್ಮಿಕರ ನಾಯಕನಾದ ಸೀಸರ್ ಚಾವೆಜ್ ಚಿಕ್ಕ ವಯಸ್ಸಿನಲ್ಲಿ ಈ ಗುದ್ದಲಿ ಹಿಡಿದು ಬೀಟ್ ಸಾಲಿನಲ್ಲಿ ದುಡಿದವನೇ.

ಕೂಲಿಗಳ ಪರ ವಕೀಲರು ವೈದ್ಯರ ಸಾಕ್ಷ್ಯ ತಂದರು: ಈ ಗುದ್ದಲಿಯಿಂದ ಬೆನ್ನುಮೂಳೆ ಶಾಶ್ವತವಾಗಿ ಹಾಳಾಗುತ್ತದೆ. ಹಿಡಿ ಉದ್ದವಾದರೆ ಕೆಲಸ ಕೆಡುತ್ತದೆ, ನಮಗೆ ನಷ್ಟ ಎಂದು ದೊಡ್ಡ ರೈತರು ವಾದಿಸಿದರು. 1975ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೂಲಿಗಳ ಪರ ಬಂತು, ಗಿಡ್ಡ ಗುದ್ದಲಿ ನಿಷೇಧವಾಯಿತು. ಉದ್ದ ಹಿಡಿಯ ಗುದ್ದಲಿಯಿಂದಲೇ ಬೇಸಾಯ ಮುಂದುವರಿಯಿತು. ಅಷ್ಟು ವರ್ಷ ಆ ಬೆನ್ನುಗಳು ಮುರಿಯಬೇಕಾದ ಅಗತ್ಯವೇ ಇರಲಿಲ್ಲ.

ಐದು ಗಿಡ

ಇನ್ನೊಂದು ಉತ್ತರ ಬೀಜದ ಒಳಗಿನಿಂದಲೇ ಬಂತು. ವಿ. ಎಫ್. ಸವಿತ್ಸ್ಕಿ ಉಕ್ರೇನಿನ ತಳಿ ವಿಜ್ಞಾನಿ. ಎರಡನೇ ಮಹಾಯುದ್ಧದ ನಂತರ ಪತ್ನಿ ಹೆಲೆನ್ ಜೊತೆ ಅಮೆರಿಕಕ್ಕೆ ಬಂದ. ಹೆಲೆನ್ ಕೂಡ ವಿಜ್ಞಾನಿ. ಒಂದು ಗಂಟಿಗೆ ಒಂದೇ ಮೊಳಕೆ ಕೊಡುವ ಗಿಡ ಸಕ್ಕರೆ ಬೀಟ್‌ನಲ್ಲಿ ಎಲ್ಲೋ ಇದ್ದೇ ಇರಬೇಕು ಎಂದು ಅವನು ಹುಡುಕಲು ಹೊರಟ. 1948ರಲ್ಲಿ ಆರೆಗಾನ್ ರಾಜ್ಯದ ಒಂದು ಬೀಜದ ಹೊಲದಲ್ಲಿ ಗಿಡ ಗಿಡವನ್ನೂ ನೋಡುತ್ತಾ ಹೋಗಿ ಅಂಥ ಐದು ಗಿಡ ಹಿಡಿದ. ಲಕ್ಷಗಟ್ಟಲೆ ಗಿಡದಲ್ಲಿ ಐದೇ ಐದು. ಅದರಿಂದ ಒಂಟಿ ಮೊಳಕೆಯ ತಳಿಗಳು ಹುಟ್ಟಿ, 1960ರ ದಶಕದಲ್ಲಿ ಅಮೆರಿಕದ ಹೊಲಗಳಿಗೆ ಹರಡಿದವು. ಯಂತ್ರದಿಂದ ಅಂತರ ಬಿಟ್ಟು ಬಿತ್ತುವುದು ಸಾಧ್ಯವಾಯಿತು. ಬೆನ್ನಿಗೆ ಬಿಡುವು ಸಿಕ್ಕಿತು, ಜೊತೆಗೆ ಆ ಕೂಲಿಯೂ ಹೋಯಿತು. ಎರಡನ್ನೂ ಹೇಳಬೇಕು.

ಹಿಮದಲ್ಲಿ ಸಸಿ ಮಡಿ

ಮೂರನೇ ಉತ್ತರ ಜಪಾನಿನದು. ಉತ್ತರದ ಹೊಕ್ಕೈಡೊ ದ್ವೀಪದಲ್ಲಿ 1880ರ ಸುಮಾರಿಗೆ ಸರ್ಕಾರ ಬೀಟ್ ಸಕ್ಕರೆ ಕಾರ್ಖಾನೆ ಶುರು ಮಾಡಿತ್ತು. ಆಮೇಲೆ ಸಪ್ಪೊರೊ ಊರಿನಲ್ಲಿ ಇನ್ನೊಂದು ಬಂತು. ಇಪ್ಪತ್ತನೇ ಶತಮಾನ ಶುರುವಾಗುವ ಹೊತ್ತಿಗೆ ಎರಡೂ ಮುಚ್ಚಿದ್ದವು. ಸಪ್ಪೊರೊದ ಕೆಂಪು ಇಟ್ಟಿಗೆಯ ಆ ಕಟ್ಟಡ ಬಿಯರ್ ಕಂಪನಿಯ ಪಾಲಾಗಿ ಈಗ ಮ್ಯೂಸಿಯಂ ಆಗಿದೆ. 1895ರಿಂದ ತೈವಾನ್ ಜಪಾನಿನ ವಸಾಹತು ಆಗಿದ್ದರಿಂದ ಕಬ್ಬಿನ ಸಕ್ಕರೆ ಅಲ್ಲಿಂದ ಬರುತ್ತಿತ್ತು. 1945ರಲ್ಲಿ ಯುದ್ಧ ಸೋತು ತೈವಾನ್ ಕೈತಪ್ಪಿದ ಮೇಲೆ ಬೀಟ್‌ಗೆ ಮತ್ತೆ ಬೆಲೆ ಬಂತು.

ಅಲ್ಲಿನ ತೊಂದರೆ ಕಾಲಾವಧಿ. ಏಪ್ರಿಲ್‌ವರೆಗೆ ಹೊಲದ ಮೇಲೆ ಹಿಮ. ಬಿತ್ತಿ ಎಳೆ ಮೊಳಕೆ ಬರುವ ಹೊತ್ತಿಗೆ ಮಂಜು, ಗಾಳಿ. ಅದೂ ಕಳೆದು ಸಸಿ ಕೀಳುವ ಹದ ಬರುವುದು ಬೇರೆ ಬೆಳೆಗಳ ಕಳೆ ಕೆಲಸವೂ ಮೈಮೇಲೆ ಬೀಳುವ ದಿನಗಳಲ್ಲಿ.

1960ರ ದಶಕದ ಆರಂಭದಲ್ಲಿ ಅಲ್ಲಿನ ಒಂದು ಬೀಟ್ ಸಕ್ಕರೆ ಕಂಪನಿ ಕಾಗದದ ಕೊಳವೆ ತಂದಿತು. ಸುಮಾರು ಎರಡು ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ಎತ್ತರ, ತಳವಿಲ್ಲದ ಕೊಳವೆಗಳು. 1,400 ಕೊಳವೆ ಅಂಟಿಸಿ ಪುಸ್ತಕದ ಹಾಗೆ ಮಡಿಸಿಟ್ಟಿರುತ್ತಾರೆ. ಬಿಡಿಸಿದರೆ ಜೇನುಗೂಡು. ಮಣ್ಣು ತುಂಬಿ, ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಹೊದಿಸಿದ ಚಪ್ಪರದೊಳಗೆ ಬೀಜ ಹಾಕುತ್ತಾರೆ. ಕೊಳವೆ ಕೊಳವೆಯ ನಡುವಿನ ಅಂಟು ನೀರಿಗೆ ಕರಗುವಂಥದ್ದು. ಆರು ವಾರ ನೀರು ಹಾಕುವಷ್ಟರಲ್ಲಿ ಕೊಳವೆಗಳು ಬಿಡಿಬಿಡಿಯಾಗುತ್ತವೆ, ಆದರೆ ಒಂದೊಂದು ಕೊಳವೆಯೂ ಒಡೆಯದೆ ಬೇರನ್ನು ಹಿಡಿದಿರುತ್ತದೆ. ಕೊಳವೆ ಅಷ್ಟು ಎತ್ತರ ಇರುವುದು ತಾಯಿಬೇರು ಇಳಿಯಲು ಜಾಗ ಸಿಗಲಿ ಎಂದು.

ಅಂದರೆ ಕೆಲಸವನ್ನು ಬಿಡುವಿಲ್ಲದ ದಿನಗಳಿಂದ ಹಿಮ ಬಿದ್ದು ಕೈ ಖಾಲಿ ಇರುವ ದಿನಗಳಿಗೆ ಸರಿಸಿದರು. ಹೆಚ್ಚಿನ ಸಸಿ ತೆಗೆಯುವುದು ಚಪ್ಪರದೊಳಗೇ ಮುಗಿಯುತ್ತಿತ್ತು. ಬೆಳೆಗೂ ಹೆಚ್ಚು ದಿನ ಸಿಕ್ಕಿ ಇಳುವರಿ ಏರಿತು. ಕಾಲಕ್ರಮದಲ್ಲಿ ಹೊಕ್ಕೈಡೊದ ಬೀಟ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಾಟಿಯೇ ಆಯಿತು. ಈಗ ಅಲ್ಲಿಯ ರೈತರಿಗೆ ವಯಸ್ಸಾಗಿದೆ, ಹೊಲ ದೊಡ್ಡದಾಗಿವೆ, ಸಸಿ ತಟ್ಟೆ ಹೊರುವುದೇ ಭಾರ. ಹಾಗಾಗಿ ನೇರ ಬಿತ್ತನೆ ಮತ್ತೆ ಹೆಚ್ಚುತ್ತಿದೆ.

ನಮ್ಮ ಲೆಕ್ಕ

ನಾಟಿ ನಮಗೆ ಹೊಸದಲ್ಲ. ಒಟ್ಲು ಹಾಕಿ ರಾಗಿ ಪೈರು ನೆಟ್ಟವರು ನಾವು. ಹಾವೇರಿ ಕಡೆ ಗುಳಿ ರಾಗಿ ಇದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಟೊಮೆಟೊ, ಕೋಸು ನರ್ಸರಿ ಟ್ರೇಯಿಂದಲೇ ಹೊಲಕ್ಕೆ ಬರುತ್ತವೆ. ಬೀಟ್‌ರೂಟ್ ಮಾತ್ರ ಇನ್ನೂ ಹೆಚ್ಚಾಗಿ ನೇರ ಬಿತ್ತನೆಯೇ. ಕಾರಣ ಲೆಕ್ಕದಲ್ಲಿದೆ. ಸಾಲಿಗೆ ಒಂದು ಅಡಿ, ಗಿಡಕ್ಕೆ ನಾಲ್ಕು ಇಂಚು ಎಂದರೆ ಎಕರೆಗೆ ಸುಮಾರು 1,30,000 ಸಸಿ ಬೇಕು. 98 ಗುಳಿಯ ಟ್ರೇ ಆದರೆ 1,300ಕ್ಕೂ ಹೆಚ್ಚು. ಸಕ್ಕರೆ ಬೀಟ್‌ಗೆ ಹೊಕ್ಕೈಡೊದಲ್ಲಿ ಎಕರೆಗೆ ಮೂವತ್ತು ಸಾವಿರದೊಳಗೆ ಸಾಕು. ಆದ್ದರಿಂದ ಎಕರೆಗಟ್ಟಲೆಗೆ ನಾಟಿ ಮಾಡಿ ಎಂದು ಹೇಳಿದರೆ ಅದು ಮೋಸದ ಮಾತಾಗುತ್ತದೆ.

ಆದರೆ ಹಿತ್ತಲಿಗೆ, ನಾಲ್ಕಾರು ಮಡಿಗೆ, ಸಾಲಿನಲ್ಲಿ ಸಸಿ ಸತ್ತ ಜಾಗ ತುಂಬುವುದಕ್ಕೆ ಸಸಿ ಮಾಡುವುದು ಲಾಭವೇ. ಗಂಟು ಬೀಜವನ್ನು ರಾತ್ರಿ ನೀರಲ್ಲಿ ನೆನೆಸಿ, ಗುಳಿಗೆ ಒಂದರಂತೆ ಅರ್ಧ ಇಂಚು ಆಳಕ್ಕೆ ಹಾಕಿ. ಮೂರು ನಾಲ್ಕು ವಾರಕ್ಕೆ ನಾಲ್ಕು ಎಲೆ ಬಂದಾಗ, ಸಂಜೆ ಹೊತ್ತು, ತೇವವಿರುವ ಮಣ್ಣಿಗೆ ನೆಡಿ. ಬೇರು ಮಡಿಚಬಾರದು. ಮಡಿಚಿದರೆ ಗೆಡ್ಡೆ ಕವಲೊಡೆಯುತ್ತದೆ. ಕ್ಯಾರೆಟ್‌ಗೆ ಇದು ಆಗದು, ದುಂಡು ಬೀಟ್‌ರೂಟ್ ತಡೆದುಕೊಳ್ಳುತ್ತದೆ. ಏಕೆಂದರೆ ಅದರ ಗೆಡ್ಡೆ ಬಹುಪಾಲು ದಪ್ಪವಾಗುವುದು ಬೇರಿನ ಮೇಲ್ಭಾಗದಲ್ಲಿ, ನೆಲದ ಮಟ್ಟದಲ್ಲಿ.

ಇನ್ನೊಂದು ಉಪಾಯ: ಮೂರು ಸಸಿ ಎದ್ದರೆ ಬೇರ್ಪಡಿಸದೆ ಮೂರನ್ನೂ ಒಟ್ಟಿಗೇ ನೆಟ್ಟು ಸುತ್ತ ಒಂದು ಅಡಿ ಬಿಡುವುದು. ಜಾಗ ಇದ್ದರೆ ಗೆಡ್ಡೆಗಳು ಒಂದನ್ನೊಂದು ತಳ್ಳಿಕೊಂಡು ಬೆಳೆಯುತ್ತವೆ. ತುಸು ಚಿಕ್ಕವಾಗಬಹುದು, ಆದರೆ ಕೀಳುವ ಕೆಲಸವೇ ಇಲ್ಲ. ನೇರ ಬಿತ್ತಿದ ಹೊಲದಲ್ಲಿ ಕಿತ್ತ ಎಳೆ ಸಸಿಯನ್ನು ಬದುವಿಗೆ ಎಸೆಯಬೇಡಿ. ನಾವು ತಿನ್ನುವ ಪಾಲಕ್ ಬೀಟ್‌ರೂಟ್ ಜಾತಿಯದೇ, ಅದರ ಬೀಜವೂ ಇಂಥ ಗಂಟೇ. ಕಿತ್ತ ಸಸಿ ಒಳ್ಳೆಯ ಸೊಪ್ಪಿನ ಸಾರಾಗುತ್ತದೆ.

ಎಕರೆಗಟ್ಟಲೆ ಹೊಲದಲ್ಲಿ ಮಾತ್ರ ಸದ್ಯಕ್ಕೆ ಕೀಳುವ ಆಳು ಬೇಕೇ ಬೇಕು. ಆಕ್ಸ್‌ನಾರ್ಡ್‌ನವರಿಗೆ ತಿಳಿದಿದ್ದ ಮಾತು ಇಲ್ಲಿಗೂ ಸಲ್ಲುತ್ತದೆ: ಆ ಒಂದು ವಾರ ತಪ್ಪಿದರೆ ಗೆಡ್ಡೆ ಇಲ್ಲ. ಔಷಧಿ ಹೊಡೆಯುವವನಿಗೆ ಬೇರೆ ದರ, ಟ್ರ್ಯಾಕ್ಟರ್‌ಗೆ ಬೇರೆ ದರ ಇದೆ. ಸಸಿ ಕೀಳುವುದಕ್ಕೂ ಕಳೆ ಲೆಕ್ಕದಿಂದ ಬೇರೆಯಾಗಿ, ಅದರದೇ ಒಂದು ದರ ಇರಬೇಕಲ್ಲವೇ? ಈ ಸಲ ಬೀಟ್‌ರೂಟ್ ಹಾಕಿದವರು ಆಳು ಕರೆಯುವ ಮೊದಲು ಮನೆಯಲ್ಲಿ ಇದನ್ನು ಮಾತಾಡಿ ನೋಡಿ.