ಎಂ.ಎಸ್. ಸತ್ಯು: ಆಗ್ರಾದ ಹವೇಲಿ, ನಮ್ಮ ಕಡೆಯ ಬರ

ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಧ್ವಜ ಏರುತ್ತೆ, ಭಾಷಣಗಳು ನಡೆಯುತ್ತವೆ. 1948ರಲ್ಲಿ ನಿಜಾಮ ಶರಣಾಗಿ ಹೈದರಾಬಾದ್ ಸಂಸ್ಥಾನ ಭಾರತದ ಕೈಗೆ ಬಂದ ದಿನ ಅದು. ಮೊದಲು ವಿಮೋಚನಾ ದಿನ ಅಂತಿದ್ದ ಹೆಸರು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಆಗಿದೆ. ಭಾಷಣದಲ್ಲಿ ರಜಾಕಾರರು ಬರ್ತಾರೆ, ಗೋರ್ಟಾ ಹತ್ಯಾಕಾಂಡ ಬರುತ್ತೆ. ಬರಲೇಬೇಕು. ಆದರೆ ಕಥೆ ಸೆಪ್ಟೆಂಬರ್ 17ಕ್ಕೇ ನಿಂತುಬಿಡುತ್ತೆ. ಅದರ ನಂತರದ ವಾರಗಳಲ್ಲಿ ಏನಾಯಿತು ಅಂತ ನೋಡಿ ಬರಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್ ಮತ್ತಿತರರನ್ನು ಕಳಿಸಿತ್ತು. 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅಂತ ಆ ಸಮಿತಿ ಅಂದಾಜಿಸಿತು. ಅತಿ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ಈ ವರದಿ ಸಾರ್ವಜನಿಕರಿಗೆ ಓದಲು ಸಿಕ್ಕಿದ್ದು 2013ರಲ್ಲಿ.

ಈ ಮೌನದ ಬಗ್ಗೆ ಯೋಚಿಸುವಾಗೆಲ್ಲ ನನಗೆ ನೆನಪಾಗೋದು ನಮ್ಮ ಜಿಲ್ಲೆಯವರಲ್ಲದ ಒಬ್ಬ ಕನ್ನಡಿಗ: ಮೈಸೂರು ಶ್ರೀನಿವಾಸ ಸತ್ಯು. ಅವರು ತೆಗೆದದ್ದು ಆಗ್ರಾದ ಕಥೆ. ನಾನು ಅದನ್ನು ಕಲಬುರಗಿಯಲ್ಲಿ ಕೂತು ನೋಡಿದಾಗ ಆಗ್ರಾ ಅನ್ನಿಸಲೇ ಇಲ್ಲ.

ಸತ್ಯು ಹುಟ್ಟಿದ್ದು 1930ರಲ್ಲಿ, ಮೈಸೂರಿನಲ್ಲಿ. 1952ರಲ್ಲಿ ಮುಂಬೈಗೆ ಹೋದರು. ಮೊದಮೊದಲು ಅನಿಮೇಷನ್ ಕೆಲಸ, ಆಮೇಲೆ ಚೇತನ್ ಆನಂದ್ ಜೊತೆ. 1964ರ 'ಹಕೀಕತ್' ಚಿತ್ರದ ಕಲಾ ನಿರ್ದೇಶನಕ್ಕೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಜೊತೆಗೆ ಇಪ್ಟಾ, ಅಂದ್ರೆ ಭಾರತೀಯ ಜನನಾಟ್ಯ ಸಂಘದ ರಂಗಭೂಮಿ. ಸೆಟ್ ಕಟ್ಟೋದು, ಬೆಳಕು ಮಾಡೋದು, ನಾಟಕ ಆಡಿಸೋದು. ಅವರ ಸಿನಿಮಾದಲ್ಲಿ ಒಂದು ಕೋಣೆ, ಒಂದು ಮೆಟ್ಟಿಲು, ಒಂದು ಜಗಲಿ ಪಾತ್ರದಷ್ಟೇ ಮಾತಾಡೋದಕ್ಕೆ ಕಾರಣ ಇಲ್ಲಿದೆ ಅಂತ ನನ್ನ ನಂಬಿಕೆ.

1973ರ 'ಗರ್ಮ್ ಹವಾ' ಅವರಿಗೆ ಹೆಸರು ತಂದ ಚಿತ್ರ. ಇಸ್ಮತ್ ಚುಗ್ತಾಯಿ ಅವರ ಅಪ್ರಕಟಿತ ಕಥೆ ಮೂಲ. ಚಿತ್ರಕಥೆ ಕೈಫಿ ಆಜ್ಮಿ ಮತ್ತು ಸತ್ಯು ಅವರ ಪತ್ನಿ ಶಮಾ ಜೈದಿ ಅವರದು. ಕಾನ್ಪುರದ ಚಪ್ಪಲಿ ಕಾರ್ಮಿಕರ ನಡುವೆ ಯೂನಿಯನ್ ಕೆಲಸ ಮಾಡಿದ್ದ ಕೈಫಿ ಆ ಅನುಭವವನ್ನೂ ಇದರಲ್ಲಿ ಸೇರಿಸಿದರು. ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಕೊಟ್ಟದ್ದು ಎರಡೂವರೆ ಲಕ್ಷ ರೂಪಾಯಿ, ಉಳಿದದ್ದು ಗೆಳೆಯರ ಹತ್ತಿರ ಸಾಲ. ಹೊಸ ಹುಡುಗ ಫಾರೂಕ್ ಶೇಖ್‌ಗೆ ಸಂಭಾವನೆ 750 ರೂಪಾಯಿ. ಆಗ್ರಾದಲ್ಲಿ ಚಿತ್ರೀಕರಣಕ್ಕೆ ವಿರೋಧ ಎದ್ದಾಗ, ರೀಲು ಹಾಕದ ಕ್ಯಾಮೆರಾ ಹಿಡಿದ ಇನ್ನೊಂದು ತಂಡವನ್ನು ಬೇರೆ ಕಡೆ ಕಳಿಸಿ ಗುಂಪನ್ನು ಅತ್ತ ತಿರುಗಿಸಿದ್ದರಂತೆ. ಸಲೀಂ ಮಿರ್ಜಾ ಪಾತ್ರದ ಬಲರಾಜ್ ಸಾಹ್ನಿ ಡಬ್ಬಿಂಗ್ ಮುಗಿಸಿದ ಮರುದಿನವೇ ತೀರಿಕೊಂಡರು, 13 ಏಪ್ರಿಲ್ 1973.

ಕಥೆ ದೊಡ್ಡದೇನಲ್ಲ. ದೇಶ ಒಡೆದಿದೆ, ಚಪ್ಪಲಿ ಕಾರ್ಖಾನೆಯ ಸಲೀಂ ಮಿರ್ಜಾ ಆಗ್ರಾ ಬಿಡಲ್ಲ ಅಂತಾನೆ. ಅವನನ್ನು ಹೊಡೆಯೋಕೆ ಯಾರೂ ಕತ್ತಿ ಹಿಡಿದು ಬರಲ್ಲ. ಬರೋದು ಕಾಗದ. ಅಣ್ಣ ಹಲೀಂ ಕರಾಚಿಗೆ ಹೋಗಿದ್ದಾನೆ, ಹವೇಲಿ ಅವನ ಹೆಸರಿನಲ್ಲಿದೆ, ಹಾಗಾಗಿ ಅದು ವಲಸೆ ಹೋದವರ ಆಸ್ತಿ, ಸರ್ಕಾರದ ವಶಕ್ಕೆ. ಇವರೆಲ್ಲ ಓಡಿಹೋಗುವವರು ಅಂತ ಸಾಲ ಕೊಡುವವರಿಲ್ಲ. ಮನೆಯ ನಕ್ಷೆಯನ್ನು ಅಣ್ಣನಿಗೆ ಕಳಿಸಿದ್ದಕ್ಕೆ ಗೂಢಚಾರನೆಂಬ ಆರೋಪ. ಕೋರ್ಟು ಬಿಡುಗಡೆ ಮಾಡುತ್ತೆ, ಊರು ಮಾಡಲ್ಲ. ಮನೆ ಖಾಲಿ ಮಾಡುವ ದಿನ ಮುದುಕಿ ತಾಯಿ ಕಟ್ಟಿಗೆ ಕೋಣೆಯಲ್ಲಿ ಅಡಗಿ ಕೂರ್ತಾಳೆ. ಸಾಯುವ ಹೊತ್ತಿಗೆ ಅವಳನ್ನು ಅದೇ ಹವೇಲಿಗೆ ಹೊತ್ತು ತರ್ತಾರೆ. ಈ ಒಂದು ದೃಶ್ಯಕ್ಕೆ ನಾನು ಸತ್ಯು ಅವರ ಉಳಿದೆಲ್ಲ ಚಿತ್ರಗಳನ್ನು ಬಿಟ್ಟುಕೊಡಲು ತಯಾರಿದ್ದೇನೆ.

ಗಲಭೆ ಆದೀತೆಂಬ ಭಯಕ್ಕೆ ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಮುಂಬೈಯಲ್ಲಿ ಬಾಳ ಠಾಕ್ರೆ ಬೆದರಿಕೆ. 1974ರಲ್ಲಿ ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಿ ಜನ ನೋಡಿದ ಮೇಲೆ ದೇಶದ ಬೇರೆ ಕಡೆ ದಾರಿ ಸಲೀಸಾಯಿತು. ಗಲಭೆಯೇನೂ ಆಗಲಿಲ್ಲ. ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು, ಆಸ್ಕರ್‌ಗೆ ಭಾರತದ ಆಯ್ಕೆಯಾಯಿತು, ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿ ಬಂತು. 1975ರಲ್ಲಿ ಸತ್ಯು ಅವರಿಗೆ ಪದ್ಮಶ್ರೀ.

ಆ ಕಾಗದ ಆಗ್ರಾಕ್ಕಷ್ಟೇ ಬಂದದ್ದಲ್ಲ. 1950ರ ಕಾಯ್ದೆ ಹೈದರಾಬಾದ್ ರಾಜ್ಯಕ್ಕೂ ಅನ್ವಯಿಸುತ್ತಿತ್ತು, ಗುಲ್ಬರ್ಗ ಆಗ ಅದರ ಒಳಗೇ ಇತ್ತು. ಇದನ್ನು ಹೇಳಿದರೆ ಹಿಂದೂಗಳ ನೋವು ಸುಳ್ಳು ಅಂತಲ್ಲ. 2024ರಲ್ಲಿ 'ರಜಾಕಾರ್' ಅಂತ ತೆಲುಗು ಸಿನಿಮಾ ಬಂತು, ಚುನಾವಣೆಯ ಹೊಸ್ತಿಲಲ್ಲಿ. ಅದರಲ್ಲಿ ಖಳನಾಯಕರ ಮುಖ ಗುರುತಿಸುವುದು ಸುಲಭ. ಸತ್ಯು ಹಿಡಿದ ದಾರಿ ಕಷ್ಟದ್ದು: ಹವೇಲಿಗೆ ಬಂದು ಸೇರುವ ಅಜ್ಮಾನಿ ಕೂಡ ಸಿಂಧ್‌ನಲ್ಲಿ ಎಲ್ಲ ಕಳಕೊಂಡು ಬಂದವನು. ಎ.ಕೆ. ಹಂಗಲ್ ಅವನನ್ನು ಎಷ್ಟು ಸಂಕೋಚದ ಮನುಷ್ಯನಾಗಿ ಮಾಡಿದ್ದಾರೆ ಅಂದ್ರೆ ನಮಗೆ ಸಿಟ್ಟು ಮಾಡಿಕೊಳ್ಳೋಕೂ ಆಗಲ್ಲ.

'ಗರ್ಮ್ ಹವಾ' ನಂತರ ಸತ್ಯು ಕನ್ನಡಕ್ಕೆ ಬಂದರು. 1977ರ 'ಕನ್ನೇಶ್ವರ ರಾಮ' ಒಬ್ಬ ದರೋಡೆಕೋರನ ಕಥೆ. ಅನಂತನಾಗ್, ಶಬಾನಾ ಆಜ್ಮಿ ನಟಿಸಿದ್ದರು, ಬಿ.ವಿ. ಕಾರಂತರ ಸಂಗೀತ. 'ಚಿತೆಗೂ ಚಿಂತೆ' ರಾಜಕೀಯ ವಿಡಂಬನೆ. ಅದರ ಮಾತು ನನಗೆ ಅಷ್ಟಾಗಿ ನಾಟಲಿಲ್ಲ. ನಾಟಕದವರಿಗೆ ವಿಡಂಬನೆ ರಂಗದ ಮೇಲೆ ಒಲಿದಷ್ಟು ತೆರೆಯ ಮೇಲೆ ಒಲಿಯಲ್ಲವೇನೋ.

ಆಮೇಲೆ, 80ರ ದಶಕದ ಆರಂಭದಲ್ಲಿ, 'ಬರ'. ಯು.ಆರ್. ಅನಂತಮೂರ್ತಿಯವರ ಕಥೆ. ಇದನ್ನೇ ಹಿಂದಿಯಲ್ಲಿ 'ಸೂಖಾ' ಮಾಡಿದರು, ಅದಕ್ಕೂ ಭಾವೈಕ್ಯದ ರಾಷ್ಟ್ರಪ್ರಶಸ್ತಿ ಬಂತು. ಬರದ ಚಿತ್ರಕ್ಕೆ ಭಾವೈಕ್ಯದ ಪ್ರಶಸ್ತಿ ಯಾಕೆ ಅಂತ ಕೇಳಬಹುದು. ಹಸಿದ ಊರು ಕಡೆಗೆ ಕೋಮುಗಲಭೆಯಲ್ಲಿ ಹೊತ್ತಿಕೊಳ್ಳುತ್ತೆ, ಅದಕ್ಕೇ. ಅನಂತನಾಗ್ ಇಲ್ಲಿ ಪ್ರಾಮಾಣಿಕ ಜಿಲ್ಲಾಧಿಕಾರಿ ಸತೀಶ್‌ಚಂದ್ರ. ಜಿಲ್ಲೆಗೆ ಬರ ಬಂದಿರೋದು ಕಣ್ಣಿಗೆ ಕಾಣುತ್ತೆ, ಆದರೆ ಮೇಲಿನವರು ಘೋಷಿಸುವ ತನಕ ಅದು ಬರ ಅಲ್ಲ. ಮೇಲಿನವರಿಗೆ ಅವರದೇ ಲೆಕ್ಕಾಚಾರ. ಸ್ಥಳೀಯ ನಾಯಕ ಭೀಮೋಜಿಗೆ, ಅಂದ್ರೆ ಸಿ.ಆರ್. ಸಿಂಹ ಅವರ ಪಾತ್ರಕ್ಕೆ, ಜನರ ಹಸಿವೇ ಬಂಡವಾಳ. ಮತ್ತೆ ಅದೇ ಕಾಗದ ನೋಡಿ.

ಈ ಚಿತ್ರವನ್ನು ಒಂದು ರಾತ್ರಿ ಕಮಲಾಪುರದಲ್ಲಿ ಗೆಳೆಯನ ಮನೆಯ ಅಂಗಳದಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಹಾಕಿದೆವು. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸಿಗುವ ಊರು ಇದು. ಕೆಂಪು ಬಾಳೆಯಿಂದ ಹೆಸರು, ಈಗ ತಾಲೂಕು ಕೇಂದ್ರ. ಬಾಳೆ ನೀರಿದ್ದವರ ಬೆಳೆ. ಸುತ್ತಲಿನ ತೊಗರಿ ಹೊಲಗಳಿಗೆ ಮಳೆಯೇ ದಿಕ್ಕು. ಸತೀಶ್‌ಚಂದ್ರ ಅನುಮತಿಗಾಗಿ ಒದ್ದಾಡುವಾಗ ಹಿಂದಿನಿಂದ ಯಾರೋ ಅಂದರು, "ನಮ್ಮಲ್ಲಿ ಮೊದಲ ಲಿಸ್ಟ್ ಬರಬೇಕರಿ, ಆಮ್ಯಾಲ ಬರ ಬರ್ತದ." ಎಲ್ಲ ನಕ್ಕರು.

ನಗು ಉತ್ಪ್ರೇಕ್ಷೆಯದಲ್ಲ. 2016ರ ಬರ ಕೈಪಿಡಿಯ ಪ್ರಕಾರ ಮೊದಲು ಮಳೆ ಕೊರತೆ ಅಥವಾ ಒಣ ವಾರಗಳ ಲೆಕ್ಕ, ನಂತರ ಹಸಿರು, ಮಣ್ಣಿನ ತೇವ, ಬಿತ್ತನೆ, ಜಲಾಶಯದ ಸೂಚ್ಯಂಕಗಳು, ಆಮೇಲೆ ಆಯ್ದ ಹಳ್ಳಿಗಳಲ್ಲಿ ಸಮೀಕ್ಷೆ. ಅಷ್ಟಾದರೂ ಬರ 'ತೀವ್ರ' ಅಂತ ಆಗದಿದ್ದರೆ ಕೇಂದ್ರದ ವಿಪತ್ತು ನಿಧಿಯ ಬಾಗಿಲು ತೆರೆಯಲ್ಲ. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು, ಅದೂ ಒಂದೇ ಸಲಕ್ಕಲ್ಲ, ಕಂತುಕಂತಾಗಿ. ರಾಜ್ಯ 18,171 ಕೋಟಿ ಕೇಳಿತು, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2024ರ ಏಪ್ರಿಲ್‌ನಲ್ಲಿ ಸಿಕ್ಕಿದ್ದು ಸುಮಾರು 3,400 ಕೋಟಿ. ಅಷ್ಟೊತ್ತಿಗೆ ಮುಂದಿನ ಬಿತ್ತನೆಗೆ ಹೊಲ ಹದ ಮಾಡುವ ಕಾಲ ಬಂದಿತ್ತು.

ಮುಂದಿನ ಚಿತ್ರಗಳು ವಿರಳ. 'ಕಹಾಂ ಕಹಾಂ ಸೇ ಗುಜರ್ ಗಯಾ', 'ಘಳಿಗೆ', ಕಿರುತೆರೆಗೆ ತಕಳಿ ಶಿವಶಂಕರ ಪಿಳ್ಳೆಯವರ 'ಕಯರ್'. 2010ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಬಸವಿ ಪದ್ಧತಿಯ ಬಗ್ಗೆ 'ಇಜ್ಜೋಡು'. ಮೀರಾ ಜಾಸ್ಮಿನ್ ನಟಿಸಿದ್ದರು. ನಡುವೆ ಪೂರ್ತಿ ನಾಟಕಗಳು, 'ದಾರಾ ಶಿಕೋ' ಅದರಲ್ಲಿ ಒಂದು. ಸತ್ಯು ಕಡಿಮೆ ಸಿನಿಮಾ ಮಾಡಿದರು ಅಂತ ಕೊರಗುವವರು ಈ ರಂಗಭೂಮಿಯನ್ನು ಲೆಕ್ಕಕ್ಕೇ ಹಿಡಿಯಲ್ಲ.

'ಗರ್ಮ್ ಹವಾ' 2014ರಲ್ಲಿ ಸರಿಪಡಿಸಿದ ಪ್ರತಿಯಾಗಿ ಮತ್ತೆ ತೆರೆಗೆ ಬಂತು. ಕಮಲಾಪುರದ ಅದೇ ಅಂಗಳದಲ್ಲಿ ಎರಡನೇ ಸಲ ನಾವು ಅದನ್ನೇ ಹಾಕಿದೆವು. ಸಬ್‌ಟೈಟಲ್ ಯಾರಿಗೂ ಬೇಕಾಗಲಿಲ್ಲ, ನಮ್ಮ ಕಡೆ ಉರ್ದು ಎಲ್ಲರ ಕಿವಿಗೂ ಬಿದ್ದಿರುತ್ತೆ. ಕೊನೆಗೆ ಸಲೀಂ ಮಿರ್ಜಾ ಸ್ಟೇಷನ್ ಕಡೆ ಹೊರಟ ಟಾಂಗಾದಿಂದ ಇಳಿದು ಕೆಲಸ ಕೇಳುವವರ ಮೆರವಣಿಗೆಗೆ ಸೇರಿಕೊಳ್ಳುವಾಗ ಹುಡುಗರು ಚಪ್ಪಾಳೆ ಹೊಡೆದರು. ಗೆಳೆಯನ ಆಯಿ ಮಾತ್ರ ಚಪ್ಪಾಳೆ ಹೊಡೀಲಿಲ್ಲ. "ಆ ಮನಿ ಕಡೀಕ್ ಯಾರಿಗಿ ಹೋಯ್ತಪ?" ಅಂತ ಕೇಳಿದಳು.

"ಅಜ್ಮಾನಿ ಅಂತ, ಸಿಂಧ್ ಕಡೆಯವ. ಅವನೂ ಮನಿ ಕಳಕೊಂಡು ಬಂದವನೇ ಆಯಿ."

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಓಣಿಯ ಕೊನೆಗಿದ್ದ ಹಳೇ ಕಲ್ಲಿನ ಮನೆಯ ಕಡೆ ಕೈ ತೋರಿಸಿ, ಅಲ್ಲಿ ಮೊದಲು ಯಾರಿದ್ದರು ಅನ್ನೋದರಿಂದ ಶುರು ಮಾಡಿದಳು. ಪ್ರೊಜೆಕ್ಟರ್ ಆರಿಸಿ ನಾವು ಅವಳ ಸುತ್ತ ಕೂತೆವು.