ಕೇರಿಯ ‘ಎನ್‌ಕ್ವೈರಿ’ಯಲ್ಲಿ ಮಹಾ ಆಜ್ಞೆಯ ಸ್ಥಾನ: ಒಂದು ಮರುಪರಿಶೀಲನೆ

ಮತ್ತಾಯನ ಸುವಾರ್ತೆಯ ಕೊನೆಯಲ್ಲಿ, ಗಲಿಲಾಯದ ಬೆಟ್ಟದ ಮೇಲೆ, ಪುನರುತ್ಥಾನ ಹೊಂದಿದ ಕ್ರಿಸ್ತನು ಹನ್ನೊಂದು ಮಂದಿ ಶಿಷ್ಯರಿಗೆ ಸಕಲ ಜನಾಂಗಗಳ ಹೊಣೆಯನ್ನು ಒಪ್ಪಿಸುತ್ತಾನೆ. ಸಭೆ ‘ಮಹಾ ಆಜ್ಞೆ’ ಎಂದು ಕರೆಯುತ್ತ ಬಂದಿರುವ ಈ ವಾಕ್ಯಗಳನ್ನು (28:18-20) ಪ್ರಾಟೆಸ್ಟೆಂಟ್ ಮಿಷನ್ ಚಳವಳಿಯ ಬುನಾದಿಯಾಗಿ ಹಾಕಿದವನು ವಿಲಿಯಂ ಕೇರಿ ಎಂಬ ಮಾತು ಮಿಷನ್ ಚರಿತ್ರೆಯಲ್ಲಿ ಬೇರೂರಿದೆ. 1792ರಲ್ಲಿ ಲೆಸ್ಟರ್‌ನಲ್ಲಿ ಅಚ್ಚಾದ, ‘ಎನ್‌ಕ್ವೈರಿ’ ಎಂದೇ ಹೆಸರಾದ ಅವನ 87 ಪುಟಗಳ ಪುಸ್ತಕವನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಆ ಪುಸ್ತಕವನ್ನೇ ಮತ್ತೆ ಓದಿದರೆ ಈ ತೀರ್ಮಾನ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಹಿನ್ನೆಲೆಯ ಬಗ್ಗೆ ವಿದ್ವಾಂಸರಲ್ಲಿ ಹೆಚ್ಚಿನ ಭಿನ್ನಮತವಿಲ್ಲ. ಆಜ್ಞೆ ಅಪೊಸ್ತಲರೊಂದಿಗೆ ಮುಗಿದುಹೋಯಿತೆಂಬ ನಂಬಿಕೆ ಹದಿನೇಳನೆಯ ಶತಮಾನದ ಲೂಥರನ್ ಪಂಡಿತರಲ್ಲಿ ಬಲವಾಗಿತ್ತು. ಅದಕ್ಕೂ ಮೊದಲು, 1590ರಲ್ಲಿ, ಆಡ್ರಿಯಾನಸ್ ಸರಾವಿಯಾ ಆಜ್ಞೆ ಇನ್ನೂ ಜಾರಿಯಲ್ಲಿದೆ ಎಂದು ವಾದಿಸಿದ್ದ. ಬೆಜಾ ಮತ್ತು ಯೋಹಾನ್ ಗೆರ್ಹಾರ್ಡ್ ಅದನ್ನು ಖಂಡಿಸಿದ್ದರು. 1664ರಲ್ಲಿ ಯುಸ್ಟಿನಿಯನ್ ಫಾನ್ ವೆಲ್ಟ್ಸ್ ಜರ್ಮನ್ ಸಭೆಗಳನ್ನು ಎಚ್ಚರಿಸಲು ಹೊರಟಾಗಲೂ ಸಿಕ್ಕಿದ್ದು ತಿರಸ್ಕಾರವೇ. ಹೀಗಿದ್ದೂ 1706ರಲ್ಲಿ ತ್ಸೀಗೆನ್‌ಬಾಲ್ಗ್ ತರಂಗಂಬಾಡಿಗೆ ಬಂದ. 1732ರಿಂದ ಮೊರೇವಿಯನ್ನರು ದೂರದೂರದ ದ್ವೀಪಗಳಿಗೆ ಹೊರಟರು. ಕೇರಿ ಮೊದಲಿಗನಲ್ಲ ಎಂಬುದನ್ನು ಇಂದು ಎಲ್ಲರೂ ಒಪ್ಪುತ್ತಾರೆ. ಅವನೂ ತನ್ನ ಪುಸ್ತಕದ ಎರಡನೆಯ ಭಾಗವನ್ನು ಈ ಹಿರಿಯರ ಕೆಲಸಕ್ಕೆ ಮೀಸಲಿಟ್ಟಿದ್ದಾನೆ.

ವಿವಾದ ಇರುವುದು ಪ್ರೇರಣೆಯ ವಿಷಯದಲ್ಲಿ. ಹ್ಯಾರಿ ಬೋಯರ್ 1961ರ ‘ಪೆಂಟೆಕಾಸ್ಟ್ ಅಂಡ್ ಮಿಷನ್ಸ್’ ಕೃತಿಯಲ್ಲಿ, ಆದಿಸಭೆಯನ್ನು ಹೊರಗೆ ನಡೆಸಿದ್ದು ಪಂಚಾಶತ್ತಮ ದಿನದಲ್ಲಿ ಸುರಿದ ಪವಿತ್ರಾತ್ಮನೇ ಹೊರತು ಆಜ್ಞೆಯ ನೆನಪಲ್ಲ ಎಂದು ತೋರಿಸಿದರು. ಅಪೊಸ್ತಲರ ಕೃತ್ಯಗಳನ್ನು ಗಮನವಿಟ್ಟು ಓದಿದವರು ಇದನ್ನು ಅಲ್ಲಗಳೆಯಲಾರರು. ಅದೇ ಕೃತಿಯಲ್ಲಿ ಅವರು ಆಜ್ಞೆಯನ್ನು ಮಿಷನ್ ಕಾರ್ಯದ ಮುಖ್ಯ ಪ್ರೇರಣೆಯಾಗಿಸಿದ ಹೊಣೆಯನ್ನು ಕೇರಿಯ ಮೇಲೆ ಹೊರಿಸಿದರು. 1991ರಲ್ಲಿ ಡೇವಿಡ್ ಬಾಷ್ ಕೂಡ ‘ಟ್ರಾನ್ಸ್‌ಫಾರ್ಮಿಂಗ್ ಮಿಷನ್’ನಲ್ಲಿ ಬಹುಮಟ್ಟಿಗೆ ಇದೇ ದಾರಿ ಹಿಡಿದರು. ಬೋಯರ್ ಅವರ ಮೊದಲ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ, ಎರಡನೆಯದಕ್ಕೆ ಇಲ್ಲ.

‘ಎನ್‌ಕ್ವೈರಿ’ಯ ಐದು ಭಾಗಗಳಲ್ಲಿ ಆಜ್ಞೆಯ ನೇರ ಚರ್ಚೆ ಬರುವುದು ಮೊದಲನೆಯದರಲ್ಲಿ, ಕೆಲವೇ ಪುಟಗಳಷ್ಟು. ಆ ಪುಟಗಳ ರೀತಿ ಗಮನಾರ್ಹ. ಅಲ್ಲಿ ಓದುಗನನ್ನು ಹುರಿದುಂಬಿಸುವ ಪ್ರಸಂಗಿ ಕಾಣುವುದಿಲ್ಲ, ಪ್ರತಿವಾದಿಯ ಪಾಟೀಸವಾಲಿಗೆ ಉತ್ತರ ಹೇಳುವ ವಕೀಲ ಕಾಣುತ್ತಾನೆ. ಆಜ್ಞೆ ಅಪೊಸ್ತಲರಿಗೆ ಮಾತ್ರ ಎಂದಾದರೆ ಅದರೊಡನೆಯೇ ಬಂದ ದೀಕ್ಷಾಸ್ನಾನವೂ ಅವರಿಗೆ ಮಾತ್ರ ಆಗಬೇಕು. ಆಗ ಕ್ವೇಕರರನ್ನು ಬಿಟ್ಟು ಉಳಿದ ಸಭೆಗಳೆಲ್ಲ ತಪ್ಪು ಮಾಡಿದಂತೆ. ಅನ್ಯಜನರ ನಡುವೆ ದುಡಿದ ಬೋಧಕರು ಅಪ್ಪಣೆಯಿಲ್ಲದೆ ಹೋದಂತಾಯಿತು. ಯುಗದ ಸಮಾಪ್ತಿಯವರೆಗೂ ಜೊತೆಗಿರುವೆನೆಂಬ ಕ್ರಿಸ್ತನ ವಾಗ್ದಾನಕ್ಕೂ ಅದೇ ಮಿತಿ ಬರಬೇಕು. ಇದಾದ ಮೇಲೆ, ದೇವಾಜ್ಞೆಯೊಂದು ತನ್ನ ಬಲ ಕಳೆದುಕೊಳ್ಳುವುದು ಯಾವ ಸಂದರ್ಭಗಳಲ್ಲಿ ಎಂದು ಕೇಳಿ, ಅದನ್ನು ರದ್ದುಮಾಡಲಾಗಿದೆಯೇ, ಪಾಲಿಸುವುದು ಅಸಾಧ್ಯವೇ ಎಂದು ಒಂದೊಂದಾಗಿ ಪರಿಶೀಲಿಸುತ್ತಾನೆ. ಇದು ದಾರಿಗೆ ಅಡ್ಡಲಾಗಿದ್ದ ದೈವಶಾಸ್ತ್ರೀಯ ಆಕ್ಷೇಪವನ್ನು ತೆಗೆಯುವ ಕೆಲಸ. ಆಕ್ಷೇಪ ತೆಗೆದಮಾತ್ರಕ್ಕೆ ಜನ ಹೊರಡುವುದಿಲ್ಲವೆಂದು ಕೇರಿಗೆ ಗೊತ್ತಿತ್ತು; ಉಳಿದ ನಾಲ್ಕು ಭಾಗಗಳನ್ನು ಬರೆದದ್ದು ಅದಕ್ಕಾಗಿಯೇ ಇರಬೇಕು.

ಮೂರನೆಯ ಭಾಗದಲ್ಲಿ ಅವನು ದೇಶದೇಶಗಳ ಉದ್ದಗಲ, ಜನಸಂಖ್ಯೆ, ಧರ್ಮಗಳ ಪಟ್ಟಿಗಳನ್ನು ಕೊಡುತ್ತಾನೆ. ಲೋಕದ ಜನ 73.1 ಕೋಟಿ, ಅದರಲ್ಲಿ 42 ಕೋಟಿ ಜನ ಸುವಾರ್ತೆಯ ಸುಳಿವೇ ಇಲ್ಲದವರು ಎಂಬುದು ಅವನ ಅಂದಾಜು. ಈ ಅಂಕಿಗಳು ಇಂದು ಪ್ರಮಾಣವಲ್ಲ. ಆದರೂ ಹಳ್ಳಿಯೊಂದರಲ್ಲಿ ಚಪ್ಪಲಿ ಹೊಲಿಯುತ್ತ, ಶಾಲೆ ನಡೆಸುತ್ತ ಇದ್ದ ಮನುಷ್ಯ ಇಷ್ಟನ್ನು ಕೂಡಿಹಾಕಿದ್ದರ ಹಿಂದಿನ ಮರುಕವನ್ನು ನಾವು ಕಾಣದೆ ಹೋಗಬಾರದು. ನಾಲ್ಕನೆಯ ಭಾಗ ದೂರ, ಪ್ರಾಣಭಯ, ಆಹಾರ, ಭಾಷೆ ಮುಂತಾದ ಅಡ್ಡಿಗಳದು. ವ್ಯಾಪಾರಿಗಳು ಲಾಭಕ್ಕಾಗಿ ದಾಟುವ ಸಮುದ್ರವನ್ನು ಸಭೆ ಏಕೆ ದಾಟಲಾರದು ಎಂಬುದು ಅಲ್ಲಿನ ವಾದದ ತಿರುಳು. ಯಾವ ಜನರ ಭಾಷೆಯನ್ನಾದರೂ ಒಂದೆರಡು ವರ್ಷಗಳಲ್ಲಿ ಸಾಕಷ್ಟು ಕಲಿಯಬಹುದು ಎಂದೂ ಹೇಳುತ್ತಾನೆ. ಮುಂದೆ ಶ್ರೀರಾಮಪುರದಲ್ಲಿ ಅವನು ಭಾಷೆಗಳಿಗಾಗಿಯೇ ಆಯುಷ್ಯ ಸವೆಸಿದ. 1817ರಲ್ಲಿ ಅಲ್ಲಿಂದ ಹೊರಬಂದ ಅವನ ಕನ್ನಡ ವ್ಯಾಕರಣವೂ ಆ ದುಡಿಮೆಯದೇ ಫಲ. ಕನ್ನಡಿಗರು ಅದನ್ನು ಭಾಷಾಚರಿತ್ರೆಯಲ್ಲಿ ಮಾತ್ರ ಇರಿಸಿ ನೋಡುವುದು ಸಾಲದು.

ಐದನೆಯ ಭಾಗದಲ್ಲಿ ಮೊದಲ ಸ್ಥಾನ ಪ್ರಾರ್ಥನೆಗೆ. 1784ರಲ್ಲಿ ಜಾನ್ ಸಟ್‌ಕ್ಲಿಫ್ ಸೂಚನೆಯಂತೆ ನಾರ್ಥಾಂಪ್ಟನ್‌ಶೈರ್ ಸುತ್ತಿನ ಬ್ಯಾಪ್ಟಿಸ್ಟ್ ಸಭೆಗಳು ತಿಂಗಳ ಮೊದಲ ಸೋಮವಾರದ ಪ್ರಾರ್ಥನೆ ಆರಂಭಿಸಿದ್ದವು. ಆ ಪ್ರಾರ್ಥನೆಗಳು ವ್ಯರ್ಥವಾಗಿಲ್ಲ ಎನ್ನುವಾಗ ಕೇರಿ ಗುಲಾಮರ ವ್ಯಾಪಾರದ ವಿರುದ್ಧ ಎದ್ದ ದನಿಯನ್ನೂ ನೆನೆಯುತ್ತಾನೆ. ವೆಸ್ಟ್ ಇಂಡೀಸ್ ಸಕ್ಕರೆಯನ್ನು ಮನಸ್ಸಾಕ್ಷಿಗಾಗಿ ಬಿಟ್ಟವರು ಉಳಿದ ಹಣವನ್ನು ಸುವಾರ್ತೆಯ ಕೆಲಸಕ್ಕೆ ಕೊಡಲಿ ಎನ್ನುತ್ತಾನೆ. ಆಜ್ಞೆಯೊಂದೇ ಪ್ರೇರಣೆಯಾಗಿದ್ದರೆ ಈ ಮಾತುಗಳಿಗೆ ಇಷ್ಟು ಜಾಗ ಸಿಗುತ್ತಿರಲಿಲ್ಲ.

ಇದಕ್ಕಿಂತ ತೂಕದ ಸಾಕ್ಷ್ಯ ಪುಸ್ತಕದ ಹೊರಗಿದೆ. ಅದೇ 1792ರ ಮೇ ಕೊನೆಯಲ್ಲಿ, ನಾಟಿಂಗ್‌ಹ್ಯಾಮ್‌ನಲ್ಲಿ ಕೂಡಿದ್ದ ಬೋಧಕರ ಮುಂದೆ ಪ್ರಸಂಗ ಮಾಡಲು ಕೇರಿ ಆರಿಸಿಕೊಂಡದ್ದು ಮತ್ತಾಯನನ್ನಲ್ಲ, ಯೆಶಾಯನನ್ನು (54:2-3). ಗುಡಾರವನ್ನು ಅಗಲಿಸು, ಹಗ್ಗಗಳನ್ನು ಉದ್ದಮಾಡು ಎಂಬ ಕರೆ ಅಲ್ಲಿದೆ. ಅದರ ಹಿಂದೆಯೇ ಸಂತತಿಯು ಜನಾಂಗಗಳನ್ನು ಪಡೆಯುವುದೆಂಬ ವಾಗ್ದಾನವಿದೆ. ದೇವರಿಂದ ದೊಡ್ಡದನ್ನು ನಿರೀಕ್ಷಿಸುವುದು, ದೊಡ್ಡದಕ್ಕೆ ಕೈಹಾಕುವುದು ಎಂಬ ಎರಡು ತಲೆಗಳಲ್ಲಿ ಪ್ರಸಂಗ ನಡೆಯಿತು. ಅಕ್ಟೋಬರ್ 2ರಂದು ಕೆಟರಿಂಗ್‌ನಲ್ಲಿ ಬ್ಯಾಪ್ಟಿಸ್ಟರ ಮಿಷನ್ ಸಂಘ ಹುಟ್ಟಿತು, 13 ಪೌಂಡ್ 2 ಶಿಲಿಂಗ್ 6 ಪೆನ್ಸ್ ವಾಗ್ದಾನದ ಮೊತ್ತದೊಂದಿಗೆ. ನಿರ್ಣಾಯಕ ಗಳಿಗೆಯಲ್ಲಿ ಅವನು ತನ್ನ ಜೊತೆಯವರ ಮುಂದೆ ಇಟ್ಟದ್ದು, ನನ್ನ ಓದಿನಲ್ಲಿ, ಆಜ್ಞೆಗಿಂತ ಮೊದಲು ವಾಗ್ದಾನವನ್ನು.

ಈ ಮಾತನ್ನು ಅಳತೆ ಮೀರಿ ಎಳೆಯಬಾರದು. ಪ್ರಸಂಗದ ಪೂರ್ಣ ಪಾಠ ಉಳಿದಿಲ್ಲ. ಪುಸ್ತಕ ಆಗತಾನೇ ಬಂದಿದ್ದರಿಂದ ಆಜ್ಞೆಯ ವಾದವನ್ನು ಮತ್ತೆ ಹೇಳಬೇಕಿಲ್ಲ ಎಂದು ಕೇರಿ ಎಣಿಸಿರಬಹುದು. ‘ಎನ್‌ಕ್ವೈರಿ’ಯ ಪೂರ್ಣ ಶೀರ್ಷಿಕೆಯೇ ಕ್ರೈಸ್ತರ ಕರ್ತವ್ಯದಿಂದ ಆರಂಭವಾಗುತ್ತದೆ. 1785ರಲ್ಲಿ ಆಂಡ್ರೂ ಫುಲ್ಲರ್ ಸುವಾರ್ತೆ ಕೇಳುವ ಪ್ರತಿಯೊಬ್ಬನೂ ನಂಬಲು ಬದ್ಧನೆಂದು ಪ್ರತಿಪಾದಿಸಿದ್ದ. ಕೇಳುವವನು ಬದ್ಧನಾದರೆ ಸಾರುವವನೂ ಬದ್ಧನೇ. ಹಾಗಾಗಿ ಕೇರಿಗೆ ಆಜ್ಞೆ ಗೌಣವಾಗಿತ್ತೆಂದು ನಾನು ಹೇಳುತ್ತಿಲ್ಲ. ಆಜ್ಞೆ ಅವನಿಗೆ ಅಪ್ಪಣೆ. ನಡೆಸುವ ಬಲ ವಾಗ್ದಾನ, ಪ್ರಾರ್ಥನೆ, ಸಹಮಾನವರ ಮೇಲಿನ ಮರುಕ ಇವುಗಳಿಂದ ಬಂತು ಎಂಬಷ್ಟೇ ನನ್ನ ಪ್ರತಿಪಾದನೆ. ಇದನ್ನು ಒಪ್ಪಿದರೆ ಕೇರಿ ಬೋಯರ್ ಚಿತ್ರಿಸಿದ ಆದಿಸಭೆಗೆ ಎದುರಾಗಿ ನಿಲ್ಲದೆ ಅದರ ಹತ್ತಿರಕ್ಕೆ ಬರುತ್ತಾನೆ.

ಆಜ್ಞೆ ಘೋಷವಾಕ್ಯವಾಗಿ ಒಂಟಿಯಾಗಿ ನಿಂತದ್ದು ಯಾವಾಗ ಎಂಬ ಪ್ರಶ್ನೆ ಉಳಿಯುತ್ತದೆ. ಉತ್ತರವನ್ನು ಹತ್ತೊಂಬತ್ತನೆಯ ಶತಮಾನದ ಸಂಘಗಳ ವರದಿಗಳಲ್ಲಿ, ವಾರ್ಷಿಕ ಪ್ರಸಂಗಗಳಲ್ಲಿ ಹುಡುಕಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಬೆಳೆದದ್ದು ಜರ್ಮನ್ ಭಕ್ತಿಪಂಥದ ಮಣ್ಣಿನಲ್ಲಿ, ಕೇರಿಯ ಬ್ಯಾಪ್ಟಿಸ್ಟ್ ಬಳಗದಲ್ಲಲ್ಲ. ಅವರ ಪತ್ರಗಳನ್ನು ಈ ಪ್ರಶ್ನೆಯನ್ನಿಟ್ಟುಕೊಂಡು ಓದಿದರೆ, ಎರಡು ಪರಂಪರೆಗಳೂ ಒಂದೇ ವಾಕ್ಯವನ್ನು ಒಂದೇ ರೀತಿಯಲ್ಲಿ ಆಶ್ರಯಿಸಿದ್ದವೇ ಎಂಬುದನ್ನು ಪರೀಕ್ಷಿಸಬಹುದು.